ಮೂರನೇ ಮಹಡಿಯಲ್ಲಿ ಎರಡು ಸರ್ವರ್ ರ್ಯಾಕ್ ಇಡಬಹುದಾ?

ಮೂರನೇ ಮಹಡಿಯಲ್ಲಿ ಸರ್ವರ್ ರ್ಯಾಕ್ (ಸರ್ವರ್ ಕಂಪ್ಯೂಟರ್‌ಗಳನ್ನು ಜೋಡಿಸಿಡುವ ಕಪಾಟಿನಂಥ ಚೌಕಟ್ಟು) ಇಡೋದು ಬೇಡ ಅಂತ ನಿಮ್ಮ ಕಟ್ಟಡದ ಓನರ್ ಅಂದಿದ್ದಕ್ಕೆ ಕಾರಣ ತೂಕವೇ ಇರಬೇಕು. ಇಂಥ ನೂರಾರು ರ್ಯಾಕ್ ಇರುವ ಡೇಟಾ ಸೆಂಟರ್‌ಗಳನ್ನು ಎತ್ತರಕ್ಕೆ ಕಟ್ಟದೆ ಅಗಲಕ್ಕೆ ಯಾಕೆ ಕಟ್ಟುತ್ತಾರೆ ಅಂತಲೂ ಕೇಳಿದ್ದೀರಲ್ವಾ, ಅದಕ್ಕೂ ಇದೊಂದು ದೊಡ್ಡ ಕಾರಣ. ತುಂಬಿದ ರ್ಯಾಕ್ ಒಂದು 800ರಿಂದ 1000 ಕೆಜಿ ತೂಗಬಹುದು, ಅದು ಕೂರುವ ಜಾಗ ಒಂದು ಚದರ ಮೀಟರ್ ಕೂಡ ಇಲ್ಲ. ನಮ್ಮಲ್ಲಿ ಆಫೀಸ್ ಮಹಡಿಗಳನ್ನು ಸಾಮಾನ್ಯವಾಗಿ ಚದರ ಮೀಟರ್‌ಗೆ 250ರಿಂದ 400 ಕೆಜಿ ಲೆಕ್ಕದಲ್ಲಿ ಕಟ್ಟಿರುತ್ತಾರೆ. ನೆಲಮಹಡಿಯಲ್ಲಾದರೆ ಭಾರ ನೇರ ಮಣ್ಣಿಗೆ ಹೋಗುತ್ತದೆ, ಕೂಲಿಂಗ್ ಪೈಪು, ದಪ್ಪ ಕೇಬಲ್ಲು ಮೇಲಕ್ಕೆ ಎಳೆಯುವ ಖರ್ಚೂ ಉಳಿಯುತ್ತದೆ. ಜಾಗ ದುಬಾರಿಯಾದ ಸಿಂಗಾಪುರದಲ್ಲಿ ಫೇಸ್‌ಬುಕ್ 11 ಮಹಡಿಯದ್ದು ಕಟ್ಟಿದೆ, ಆದರೆ ಅಂಥದ್ದನ್ನು ಮೊದಲೇ ಆ ಭಾರಕ್ಕೆ ಡಿಸೈನ್ ಮಾಡಿರುತ್ತಾರೆ.

ಮೊದಲು ಓನರ್ ಹತ್ತಿರ ಸ್ಟ್ರಕ್ಚರಲ್ ಡ್ರಾಯಿಂಗ್ ಕೇಳಿ, ಲೈವ್ ಲೋಡ್ (ಮಹಡಿ ಮೇಲೆ ಜನ, ಸಾಮಾನು ಸೇರಿ ಎಷ್ಟು ಭಾರ ಹಾಕಬಹುದು ಅನ್ನೋ ಲೆಕ್ಕ) ಎಷ್ಟು ಅಂತ ನೋಡಿ. ಆಮೇಲೆ ರ್ಯಾಕ್, ಸರ್ವರ್, ಯುಪಿಎಸ್ ಎಲ್ಲದರ ತೂಕ ಕೂಡಿಸಿ. ಬ್ಯಾಟರಿ ಮರೆಯಬೇಡಿ, ನಾವು ಇಂಥದ್ದೇ ರೂಮ್ ಮಾಡಿಸಿದಾಗ ಲೆಕ್ಕ ಮೀರಿದ್ದು ಅದರಿಂದಲೇ, ಕೊನೆಗೆ ಬ್ಯಾಟರಿಗಳನ್ನು ಕೆಳಗಿನ ಮಹಡಿಗೆ ಇಳಿಸಿದೆವು. ಡ್ರಾಯಿಂಗ್ ನೋಡದೆ ನಿಮ್ಮ ಸ್ಲ್ಯಾಬ್ ತಡೆಯುತ್ತದೋ ಇಲ್ಲವೋ ಅಂತ ಹೇಳಲು ಆಗುವುದಿಲ್ಲ. ಡ್ರಾಯಿಂಗ್, ತೂಕದ ಲೆಕ್ಕ ಎರಡನ್ನೂ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ, ರ್ಯಾಕ್ ಯಾವ ಬೀಮ್ ಹತ್ತಿರ ಕೂರಬೇಕು ಅಂತ ಬರೆಸಿಕೊಳ್ಳಿ. ಅಲ್ಲಿವರೆಗೆ ರ್ಯಾಕ್ ಮೇಲೆ ಹತ್ತಿಸಬೇಡಿ.