ಸಂಪಾದಕರ ಉತ್ತರ: 1939ರ ಮಾರ್ಚ್ ತಿಂಗಳಿಗೆ ಎರಡೇ ಸಾಲು ಸಾಕೇ?

ಮಾನ್ಯರೇ,

ಧಾರವಾಡದಿಂದ ನೀವು ಬರೆದ ಪತ್ರ ಕೈಸೇರಿದೆ. ಎರಡನೆಯ ಮಹಾಯುದ್ಧದ ಹಿನ್ನೆಲೆ ಹೇಳುವಾಗ ನಾವು 1939ರ ಮಾರ್ಚ್ ತಿಂಗಳನ್ನು ಎರಡು ಸಾಲಿನಲ್ಲಿ ಮುಗಿಸಿದೆವು, ‘ಜರ್ಮನಿ ಪ್ರಾಗ್ ಹಿಡಿಯಿತು, ಬ್ರಿಟನ್ ಪೋಲೆಂಡಿಗೆ ಭರವಸೆ ಕೊಟ್ಟಿತು’ ಎಂದಷ್ಟೇ ಬರೆದೆವು ಎಂಬುದು ನಿಮ್ಮ ಆಕ್ಷೇಪ. ಜೊತೆಗೆ ಎರಡು ಪ್ರಶ್ನೆ ಕೇಳಿದ್ದೀರಿ. ಮಾರ್ಚ್ 15ರಂದು, ಪ್ರಾಗ್ ರಾಜಧಾನಿಯಾಗಿದ್ದ ಜೆಕೊಸ್ಲೊವಾಕಿಯಾ ಅಳಿಸಿಹೋಗುವಾಗ ಸುಮ್ಮನಿದ್ದ ಬ್ರಿಟನ್, ಹದಿನಾರೇ ದಿನಕ್ಕೆ ಪೋಲೆಂಡಿಗಾಗಿ ಯುದ್ಧಕ್ಕೆ ಸಿದ್ಧ ಎಂದದ್ದು ಹೇಗೆ? ನಿಮ್ಮ ಮನೆಯಲ್ಲಿ ಜೋಪಾನವಾಗಿರುವ ಹಳೆಯ ಪತ್ರಿಕೆಗಳ ತುಣುಕುಗಳಿಗೂ ನಮ್ಮ ತಾರೀಖುಗಳಿಗೂ ಒಂದು ದಿನದ ವ್ಯತ್ಯಾಸ ಏಕೆ?

ತಾರೀಖಿನದ್ದು ಸುಲಭ, ಮೊದಲು ಅದನ್ನೇ ಹೇಳುತ್ತೇವೆ. ಆ ತಿಂಗಳ ದೊಡ್ಡ ಸಹಿಗಳು ಬಿದ್ದದ್ದು ರಾತ್ರಿಯ ಹೊತ್ತು. ಬರ್ಲಿನ್‌ನಲ್ಲಿ ಬೆಳಗಿನ ಜಾವ ನಾಲ್ಕು ಗಂಟೆ ಎಂದರೆ ಭಾರತೀಯ ಕಾಲಮಾನದಲ್ಲಿ ಬೆಳಿಗ್ಗೆ ಎಂಟೂವರೆ. ಅಷ್ಟರಲ್ಲಿ ಇಲ್ಲಿಯ ಬೆಳಗಿನ ಪತ್ರಿಕೆ ಅಚ್ಚಾಗಿ ಓದುಗರ ಕೈಯಲ್ಲಿರುತ್ತಿತ್ತು. ಹಾಗಾಗಿ 15ರ ಸುದ್ದಿಗೆ 16ರ ತಾರೀಖು ಬೀಳುತ್ತದೆ. ವಾರಪತ್ರಿಕೆಯಾದರೆ ಇನ್ನೂ ತಡ. ಲಂಡನ್ನಿನಲ್ಲಿ 31ರ ಶುಕ್ರವಾರ ಮಧ್ಯಾಹ್ನ ಆಡಿದ ಮಾತು ಇಲ್ಲಿ ರಾತ್ರಿಯ ಹೊತ್ತಿಗೆ ತಲುಪಿದರೂ ಬೆಳಗಿನ ಪತ್ರಿಕೆಯಲ್ಲಿ ಬಂದದ್ದು ಏಪ್ರಿಲ್ 1ಕ್ಕೇ. ತುಣುಕಿನ ತಲೆಯ ಮೇಲಿನ ತಾರೀಖನ್ನು ಬಿಟ್ಟು, ಸುದ್ದಿಯ ಮೊದಲ ಸಾಲಿನಲ್ಲಿ ಊರಿನ ಹೆಸರಿನ ಜೊತೆ ಇರುವ ತಾರೀಖನ್ನು ನೋಡಿ. ಅದೂ ತಂತಿ ಹೊರಟ ದಿನವೇ ಹೊರತು ಘಟನೆ ನಡೆದ ದಿನವೇ ಆಗಿರಬೇಕಿಲ್ಲ.

ಇನ್ನು ಜೆಕೊಸ್ಲೊವಾಕಿಯಾ. ಅದು ಒಂದೇ ಬೆಳಿಗ್ಗೆ ಬಿದ್ದ ದೇಶವಲ್ಲ. 1938ರ ಸೆಪ್ಟೆಂಬರ್ ಕೊನೆಯ ಮ್ಯೂನಿಕ್ ಒಪ್ಪಂದದಲ್ಲಿ (ಜರ್ಮನಿ, ಇಟಲಿ, ಬ್ರಿಟನ್, ಫ್ರಾನ್ಸ್ ಮಾಡಿಕೊಂಡದ್ದು) ಗಡಿಯ ಸುಡೆಟನ್ ಪ್ರದೇಶ ಜರ್ಮನಿಗೆ ಹೋದಾಗಲೇ ಗಡಿಯುದ್ದಕ್ಕೂ ಕಟ್ಟಿದ್ದ ಕೋಟೆಸಾಲು ಕೈತಪ್ಪಿತ್ತು. ಅಕ್ಟೋಬರಿನಲ್ಲಿ ಪೋಲೆಂಡ್ ತನ್ನ ಗಡಿಗೆ ಹೊಂದಿದ ಟೆಶೆನ್ ಪ್ರದೇಶವನ್ನು ತೆಗೆದುಕೊಂಡಿತು, ನವೆಂಬರ್ 2ರ ವಿಯೆನ್ನಾ ತೀರ್ಪಿನಲ್ಲಿ ಸ್ಲೊವಾಕಿಯಾದ ದಕ್ಷಿಣದ ಪಟ್ಟಿ ಹಂಗೇರಿಗೆ ಹೋಯಿತು. ಮ್ಯೂನಿಕ್ ಒಪ್ಪಂದಕ್ಕೆ ಒಂದು ಅನುಬಂಧವಿತ್ತು: ಉಳಿದ ಗಡಿಯ ಮೇಲೆ ಕಾರಣವಿಲ್ಲದೆ ಯಾರಾದರೂ ದಾಳಿ ಮಾಡಿದರೆ ಬ್ರಿಟನ್ ಮತ್ತು ಫ್ರಾನ್ಸ್ ಖಾತರಿ. ಜರ್ಮನಿಯೂ ಇಟಲಿಯೂ ಆಮೇಲೆ ಸೇರಬೇಕಿತ್ತು, ಸೇರಲಿಲ್ಲ.

ಹಿಟ್ಲರ್ ಈ ಖಾತರಿಯನ್ನು ಮುರಿಯುವುದಕ್ಕೆ ಬದಲು ಅದಕ್ಕೆ ಆಧಾರವಾಗಿದ್ದ ದೇಶವನ್ನೇ ಇಲ್ಲವಾಗಿಸಿದ. ಹೇಗೆಂದರೆ, ಸ್ಲೊವಾಕರು ಬೇರೆಯಾಗುವ ಹವಣಿಕೆಯಲ್ಲಿದ್ದಾರೆಂದು ಪ್ರಾಗ್ ಸರ್ಕಾರ ಮಾರ್ಚ್ 9-10ರ ರಾತ್ರಿ ಸ್ಲೊವಾಕಿಯಾದ ಸ್ವಾಯತ್ತ ಸರ್ಕಾರದ ಪ್ರಧಾನಿ ಯೋಜೆಫ್ ಟಿಸೊ ಅವರನ್ನು ವಜಾ ಮಾಡಿತು. ಬರ್ಲಿನ್‌ಗೆ ಬೇಕಾಗಿದ್ದ ನೆಪ ಅದೇ. 13ರಂದು ಟಿಸೊ ಬರ್ಲಿನ್‌ಗೆ ಹೋದರು. ಸ್ವಾತಂತ್ರ್ಯ ಘೋಷಿಸದಿದ್ದರೆ ಸ್ಲೊವಾಕಿಯಾವನ್ನು ಅದರ ಪಾಡಿಗೆ ಬಿಡುತ್ತೇವೆ ಎಂಬ ಮಾತು ಕೇಳಿ ಬಂದರು. ಪಕ್ಕದಲ್ಲಿ ಹಂಗೇರಿ ಕಾದಿರುವಾಗ ಆ ಮಾತಿನ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. 14ರಂದು ಬ್ರಾತಿಸ್ಲಾವಾದ ಶಾಸನಸಭೆ ಸ್ವಾತಂತ್ರ್ಯ ಘೋಷಿಸಿತು. ಪೂರ್ವದ ತುದಿಯ ಕಾರ್ಪಾಥೊ ಉಕ್ರೇನ್ ಕೂಡ ತಾನು ಸ್ವತಂತ್ರ ಎಂದಿತು. ಹಂಗೇರಿಯ ಸೇನೆ ಅದನ್ನು ಕೆಲವೇ ದಿನಗಳಲ್ಲಿ ನುಂಗಿತು.

ಅದೇ 14ರಂದು ಜೆಕೊಸ್ಲೊವಾಕಿಯಾದ ಅಧ್ಯಕ್ಷ ಎಮಿಲ್ ಹಾಖಾ ರೈಲಿನಲ್ಲಿ ಬರ್ಲಿನ್‌ಗೆ ಹೊರಟರು. ವಯಸ್ಸು 66, ಹೃದಯ ದುರ್ಬಲ, ವೃತ್ತಿಯಿಂದ ನ್ಯಾಯಾಧೀಶರು. ಹಿಟ್ಲರ್ ಅವರನ್ನು ಒಳಗೆ ಕರೆದದ್ದು ರಾತ್ರಿ ಒಂದು ಗಂಟೆ ಕಳೆದ ಮೇಲೆ. ಪ್ರಾಗ್ ಮೇಲೆ ಬಾಂಬು ಸುರಿಸುವುದಾಗಿ ಜರ್ಮನ್ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಬೆದರಿಸಿದ, ಹಾಖಾ ಕುಸಿದರು, ಹಿಟ್ಲರನ ವೈದ್ಯ ಚುಚ್ಚುಮದ್ದು ಕೊಟ್ಟು ಎಬ್ಬಿಸಿದ. ನಾಲ್ಕು ಗಂಟೆಗೆ ಐದು ನಿಮಿಷವಿದ್ದಾಗ ಸಹಿ ಬಿತ್ತು. ಜೆಕ್ ಜನರ ಭವಿಷ್ಯವನ್ನು ನಂಬಿಕೆಯಿಂದ ಜರ್ಮನ್ ನಾಯಕನ ಕೈಗೆ ಒಪ್ಪಿಸಿದ್ದೇನೆ ಎಂಬುದು ಆ ಕಾಗದದ ಒಕ್ಕಣೆ. 1920ರ ಸಂವಿಧಾನದ ಪ್ರಕಾರ ದೇಶದ ಭೂಭಾಗ ಬದಲಾಗಬೇಕಾದರೆ ಸಂಸತ್ತಿನ ಒಪ್ಪಿಗೆ ಬೇಕಿತ್ತು. ಅದು ಇರಲಿಲ್ಲ, ಅದಕ್ಕಾಗಿ ಯಾರೂ ಕಾಯಲೂ ಇಲ್ಲ. ಸಹಿಗೆ ಮೊದಲೇ, ಹಿಂದಿನ ಸಂಜೆಯೇ ಜರ್ಮನ್ ಪಡೆಗಳು ಓಸ್ಟ್ರಾವಾ ಕಡೆ ನುಗ್ಗಿದ್ದವು. ಮಿಸ್ಟೆಕ್ ಊರಿನ ಒಂದು ಬ್ಯಾರಕ್ಕಿನಲ್ಲಿ ಕ್ಯಾಪ್ಟನ್ ಕಾರೆಲ್ ಪಾವ್ಲಿಕ್ ಅವರ ತುಕಡಿ ಸುಮಾರು ಅರ್ಧ ಗಂಟೆ ಗುಂಡು ಹಾರಿಸಿ ಎದುರಿಸಿತು. ಈ ಅರ್ಧ ಗಂಟೆಗೆ ಪುಸ್ತಕಗಳಲ್ಲಿ ಸಿಗುವ ಜಾಗ ತೀರಾ ಕಡಿಮೆ ಎಂಬುದು ನಮ್ಮ ಅಭಿಪ್ರಾಯ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಹಿಮ ಬೀಳುತ್ತಿರುವಾಗ, ಜರ್ಮನ್ ವಾಹನಗಳು ಪ್ರಾಗ್ ಬೀದಿಯಲ್ಲಿದ್ದವು. 16ರಂದು ಜೆಕ್ ಪ್ರದೇಶಗಳಾದ ಬೊಹೀಮಿಯಾ ಮತ್ತು ಮೊರಾವಿಯಾ ಜರ್ಮನಿಯ ‘ಸಂರಕ್ಷಿತ ಪ್ರಾಂತ್ಯ’ವಾದವು.

ಆ ‘ಸಂರಕ್ಷಣೆ’ಯಲ್ಲಿ ಕೈಸೇರಿದ ಶಸ್ತ್ರಗಳ ಲೆಕ್ಕ ಹಿಟ್ಲರನೇ ಏಪ್ರಿಲ್ 28ರ ಭಾಷಣದಲ್ಲಿ ಓದಿ ಹೇಳಿದ: 1,582 ವಿಮಾನ, 469 ಟ್ಯಾಂಕ್, 2,175 ಫಿರಂಗಿ, 43,876 ಮೆಷಿನ್‌ಗನ್, 10 ಲಕ್ಷ 90 ಸಾವಿರ ರೈಫಲ್. ಅವನ ಬಾಯಿಂದ ಬಂದದ್ದಾದ್ದರಿಂದ ಜಂಬದ ಪಾಲು ಕಳೆದು ಓದಬೇಕು, ಆದರೆ ಸಾಮಗ್ರಿ ಬಳಕೆಗೆ ಬಂದದ್ದು ನಿಜ. 1940ರಲ್ಲಿ ಫ್ರಾನ್ಸಿನೊಳಗೆ ನುಗ್ಗಿದ ಜರ್ಮನ್ ಸೇನಾನಿ ರೊಮ್ಮೆಲ್‌ನ 7ನೇ ಪ್ಯಾಂಜರ್ ಡಿವಿಜನ್ನಿನ ಬಲವೇ ಜೆಕ್ ವಿನ್ಯಾಸದ 38(ಟಿ) ಟ್ಯಾಂಕುಗಳು. ಶಸ್ತ್ರಗಳ ಜೊತೆ ಕಾರ್ಖಾನೆಗಳೂ ಸೇರಿದವು: ಪಿಲ್ಸೆನ್‌ನ ಸ್ಕೋಡಾ, ಬ್ರ್ನೋದ ಬಂದೂಕು ಕಾರ್ಖಾನೆ. ಆಫ್ರಿಕಾದಲ್ಲೂ ಬರ್ಮಾದಲ್ಲೂ ನಮ್ಮ ಸಿಪಾಯಿಗಳು ಹಿಡಿದ ಬ್ರೆನ್ ಗನ್ನಿನ ಮೂಲ ವಿನ್ಯಾಸ ಇದೇ ಬ್ರ್ನೋದ್ದು. ದುಡ್ಡಿನ ವಿಷಯದಲ್ಲಿ ಲೂಟಿ ಇನ್ನೂ ಸರಳ: ಒಂದು ಜರ್ಮನ್ ಮಾರ್ಕಿಗೆ ಹತ್ತು ಜೆಕ್ ಕ್ರೌನ್ ಎಂದು ಜರ್ಮನರು ದರ ಕಟ್ಟಿದರು. ಇದು ಮಾರ್ಕಿಗೆ ಸಲ್ಲದ ಬೆಲೆ. ಜರ್ಮನ್ ಸೈನಿಕರೂ ವ್ಯಾಪಾರಿಗಳೂ ಪ್ರಾಗ್ ಅಂಗಡಿಗಳನ್ನು ಅಗ್ಗಕ್ಕೆ ಖಾಲಿ ಮಾಡಲು ಈ ಒಂದು ಆಜ್ಞೆ ಸಾಕಾಯಿತು.

ಚಿನ್ನದ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕಾಗದದ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಏನಾಗುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ಜೆಕ್ ರಾಷ್ಟ್ರೀಯ ಬ್ಯಾಂಕು ತನ್ನ ಚಿನ್ನದ ಬಹುಪಾಲನ್ನು ಮೊದಲೇ ಲಂಡನ್ನಿಗೆ ಸಾಗಿಸಿತ್ತು. ಅಲ್ಲಿ ಅದು ಎರಡು ರೀತಿಯಲ್ಲಿತ್ತು. ಒಂದು ಭಾಗ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಜೆಕ್ ಬ್ಯಾಂಕಿನ ಹೆಸರಿನಲ್ಲೇ. ಇನ್ನೊಂದು ಭಾಗ ಅದೇ ಕಟ್ಟಡದಲ್ಲಿ, ಆದರೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಅಂತರರಾಷ್ಟ್ರೀಯ ಇತ್ಯರ್ಥ ಬ್ಯಾಂಕಿನ (ಬಿಐಎಸ್, ಅಂದರೆ ಹಲವು ದೇಶಗಳ ಕೇಂದ್ರ ಬ್ಯಾಂಕುಗಳಿಗೆ ಬ್ಯಾಂಕು) ಖಾತೆಯಲ್ಲಿ. ಮಾರ್ಚ್ 18ರಂದು, ಜರ್ಮನರ ಒತ್ತಡದಲ್ಲಿ, ಪ್ರಾಗ್‌ನಿಂದ ಎರಡು ಆದೇಶ ಹೊರಟವು. ಲಂಡನ್ನಿಗೆ ನೇರವಾಗಿ ಹೋದ ಆದೇಶ ಫಲಿಸಲಿಲ್ಲ. ಬ್ರಿಟನ್ ಜೆಕ್ ಆಸ್ತಿಗಳನ್ನು ತಡೆಹಿಡಿಯಿತು. ಬಾಸೆಲ್ ಮೂಲಕ ಹೋದದ್ದು ಫಲಿಸಿತು. ಗ್ರಾಹಕ ಬ್ಯಾಂಕಿನ ಆದೇಶ ಸರಿಯಾದ ಸಹಿಯೊಂದಿಗೆ ಬಂದಿದೆ, ಹಿಂದಿನ ರಾಜಕೀಯ ನೋಡುವುದು ನಮ್ಮ ಕೆಲಸವಲ್ಲ ಎಂದು ಬಾಸೆಲ್ ಪಾಲಿಸಿತು; ಬಾಸೆಲ್ ಹೇಳಿದೆ ಎಂದು ಲಂಡನ್ ಪಾಲಿಸಿತು. 23.1 ಟನ್ ಚಿನ್ನ, ಅಂದಿನ ಬೆಲೆಯಲ್ಲಿ ಸುಮಾರು 56 ಲಕ್ಷ ಪೌಂಡ್, ಒಂದು ಗಟ್ಟಿಯೂ ಕಟ್ಟಡದಿಂದ ಹೊರಗೆ ಹೋಗದೆ ಜರ್ಮನಿಯ ಕೇಂದ್ರ ಬ್ಯಾಂಕಾದ ರೀಶ್‌ಬ್ಯಾಂಕಿನ ಪಾಲಾಯಿತು. ಪತ್ರಕರ್ತ ಪಾಲ್ ಐನ್‌ಜಿಗ್ ಇದನ್ನು ಹೊರಹಾಕಿದ್ದು ಮೇ ತಿಂಗಳಲ್ಲಿ, ಕೈಮೀರಿದ ಮೇಲೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. 15ರಂದು ಬ್ರಿಟನ್ನಿನ ಪ್ರಧಾನಿ ಚೇಂಬರ್ಲೇನ್ ಸಂಸತ್ತಿನಲ್ಲಿ ಹೇಳಿದ್ದು ಇಷ್ಟು: ನಾವು ಖಾತರಿ ಕೊಟ್ಟ ದೇಶ ಸ್ಲೊವಾಕರ ಘೋಷಣೆಯಿಂದ ಒಳಗಿನಿಂದಲೇ ಒಡೆದುಹೋಗಿದೆ, ಆದ್ದರಿಂದ ನಮ್ಮ ಹೊಣೆ ಮುಗಿಯಿತು. 17ರಂದು ಬರ್ಮಿಂಗ್‌ಹ್ಯಾಮಿನಲ್ಲಿ, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ಹಿಂದಿನ ದಿನ, ಅವರ ಧ್ವನಿ ಬೇರೆಯಾಗಿತ್ತು: ಇದು ಬಲದಿಂದ ಜಗತ್ತನ್ನು ಆಳುವ ಯತ್ನದ ಮೊದಲ ಹೆಜ್ಜೆಯೇ ಎಂದು ಕೇಳಿದರು. ಎರಡು ದಿನದಲ್ಲಿ ಅವರ ಮನಸ್ಸು ಪೂರ್ತಿ ತಿರುಗಿತು ಎನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಬದಲಾದದ್ದು ಸುತ್ತಲಿನ ಸ್ಥಿತಿ. ಸುಡೆಟನ್‌ನಲ್ಲಿ ಜರ್ಮನ್ ಭಾಷಿಕರಿದ್ದರು. ಪ್ರಾಗ್‌ನಲ್ಲಿ ಆ ನೆಪ ಉಳಿಯಲಿಲ್ಲ. ಚೇಂಬರ್ಲೇನ್ ಅವರ ಪಕ್ಷದವರೇ ಕೆರಳಿದ್ದರು. ಮೇಲಾಗಿ ಆ ಎರಡು ವಾರ ಬೆಚ್ಚಿಬೀಳಿಸುವ ಸುದ್ದಿಗಳು ಒಂದರ ಹಿಂದೊಂದು ಬಂದವು. ಜರ್ಮನಿ ತಮಗೆ ಅಂತಿಮ ಎಚ್ಚರಿಕೆ ಕೊಟ್ಟಿದೆ ಎಂದು ರೊಮೇನಿಯಾದ ರಾಯಭಾರಿ ಟಿಲಿಯಾ ಲಂಡನ್ನಿಗೆ ದೂರಿದರು. ಬುಕಾರೆಸ್ಟಿನ ಅವರದೇ ಸರ್ಕಾರ ಅದನ್ನು ಅಲ್ಲಗಳೆಯಿತು. ಲಿಥುವೇನಿಯಾ 22-23ರ ನಡುರಾತ್ರಿ ಮೆಮೆಲ್ ಬಂದರನ್ನು ಜರ್ಮನಿಗೆ ಬಿಟ್ಟುಕೊಟ್ಟಿತು. 21ರಂದು ಜರ್ಮನ್ ವಿದೇಶಾಂಗ ಸಚಿವ ರಿಬ್ಬೆನ್‌ಟ್ರಾಪ್ ಪೋಲಿಷ್ ರಾಯಭಾರಿಯ ಮುಂದೆ ಡ್ಯಾನ್‌ಜಿಗ್ ನಗರ ಮತ್ತು ಕಾರಿಡಾರ್ (ಪೋಲೆಂಡಿಗೆ ಸಮುದ್ರದ ದಾರಿಯಾಗಿದ್ದ, ಜರ್ಮನಿಯನ್ನು ಎರಡು ತುಂಡು ಮಾಡಿದ್ದ ನೆಲದ ಪಟ್ಟಿ) ದಾಟುವ ಹೆದ್ದಾರಿಯ ಬೇಡಿಕೆ ಇಟ್ಟ. 26ರಂದು ಪೋಲೆಂಡಿನ ರಾಜಧಾನಿ ವಾರ್ಸಾ ನಿರಾಕರಿಸಿತು. 29ರಂದು ಪತ್ರಕರ್ತ ಇಯಾನ್ ಕಾಲ್ವಿನ್ ಬರ್ಲಿನ್‌ನಿಂದ ಬಂದು, ಪೋಲೆಂಡಿನ ಮೇಲೆ ದಾಳಿ ಸನ್ನಿಹಿತ ಎಂದು ಮಂತ್ರಿಗಳಿಗೆ ತಿಳಿಸಿದರು.

31ರಂದು ಚೇಂಬರ್ಲೇನ್ ಸಂಸತ್ತಿನಲ್ಲಿ ಮಾಡಿದ ಘೋಷಣೆ ಈ ಗಾಬರಿಯ ಕೂಸು. ಅದರ ಪದಗಳನ್ನು ನಿಧಾನವಾಗಿ ಓದಿ: ಪೋಲೆಂಡಿನ ‘ಸ್ವಾತಂತ್ರ್ಯ’ಕ್ಕೆ ಸ್ಪಷ್ಟ ಬೆದರಿಕೆ ಬಂದು, ಅದನ್ನು ಸೇನಾಬಲದಿಂದ ಎದುರಿಸುವುದು ಅನಿವಾರ್ಯ ಎಂದು ಪೋಲಿಷ್ ಸರ್ಕಾರ ಭಾವಿಸಿದರೆ, ಬ್ರಿಟನ್ ತನ್ನ ಶಕ್ತಿಮೀರಿ ನೆರವಾಗುತ್ತದೆ. ಗಡಿಗಳ ಬಗ್ಗೆ ಒಂದು ಮಾತೂ ಇಲ್ಲ. ಡ್ಯಾನ್‌ಜಿಗ್ ಬಗ್ಗೆ ಮಾತುಕತೆಗೆ ಜಾಗ ಉಳಿಸಿಕೊಂಡೇ ಇದನ್ನು ಬರೆದರು. ಆದರೆ ಯುದ್ಧ ಯಾವಾಗ ಎಂಬ ತೀರ್ಮಾನ ವಾರ್ಸಾಕ್ಕೆ ಹೋಯಿತು. ಶಕ್ತಿಯಾದರೂ ಎಷ್ಟಿತ್ತು? ಕೂಡಲೇ ಯುರೋಪಿಗೆ ಕಳಿಸಬಲ್ಲ ಬ್ರಿಟಿಷ್ ಡಿವಿಜನ್‌ಗಳು ಬೆರಳೆಣಿಕೆಯವು. ಟೆರಿಟೋರಿಯಲ್ ಸೇನೆಯನ್ನು (ಅರೆಕಾಲಿಕ ಸ್ವಯಂಸೇವಕರ ಪಡೆ) ಇಮ್ಮಡಿ ಮಾಡಿ 3,40,000ಕ್ಕೆ ಏರಿಸುತ್ತೇವೆ ಎಂದದ್ದು 29ರಂದು. ಕಡ್ಡಾಯ ಸೇನಾಭರ್ತಿ ಪ್ರಕಟವಾದದ್ದು ಏಪ್ರಿಲ್ 26ಕ್ಕೆ. ನೌಕಾಪಡೆ ಬಾಲ್ಟಿಕ್ ಸಮುದ್ರಕ್ಕೆ ನುಗ್ಗಿ ಪೋಲೆಂಡನ್ನು ಮುಟ್ಟುವುದು ಆಗದ ಕೆಲಸ.

ಪೋಲೆಂಡಿಗೆ ನೆಲದ ಮೇಲೆ ನೆರವು ತಲುಪಿಸಬಲ್ಲ ದೊಡ್ಡ ದೇಶ ಸೋವಿಯತ್ ರಷ್ಯಾ ಒಂದೇ. ಆ ಬಾಗಿಲು ಅದೇ ತಿಂಗಳಲ್ಲಿ ಮುಚ್ಚತೊಡಗಿತು. ಯಾರದೋ ಬೆಂಕಿಯಲ್ಲಿ ನಾವು ಕೈ ಸುಟ್ಟುಕೊಳ್ಳುವುದಿಲ್ಲ ಎಂಬರ್ಥದ ಮಾತನ್ನು ಸ್ಟಾಲಿನ್ ಮಾರ್ಚ್ 10ರ ಪಕ್ಷದ ಮಹಾಧಿವೇಶನದಲ್ಲಿ ಆಡಿದ್ದ. ಆದರೂ 18ರಂದು ಮಾಸ್ಕೋ ಆರು ದೇಶಗಳ ಸಭೆ ಕರೆಯೋಣ ಎಂದಿತು. ಲಂಡನ್ ಇನ್ನೂ ಕಾಲ ಬಂದಿಲ್ಲ ಎಂದಿತು. ಲಂಡನ್ ನಾಲ್ಕು ದೇಶಗಳ ಜಂಟಿ ಹೇಳಿಕೆ ಸೂಚಿಸಿತು. ರಷ್ಯಾದ ಜೊತೆ ಸಹಿ ಹಾಕಲಾರೆ ಎಂದರು ಪೋಲಿಷ್ ವಿದೇಶಾಂಗ ಸಚಿವ ಬೆಕ್. ಅವರ ಭಯಕ್ಕೆ ಇತಿಹಾಸದ ಆಧಾರವಿತ್ತು, ಅದನ್ನು ಹಗುರವಾಗಿ ಕಾಣಬಾರದು.

ಮಧ್ಯ ಯುರೋಪಿನಾಚೆಗೂ ಆ ತಿಂಗಳು ಬಿಡುವಿರಲಿಲ್ಲ. 28ರಂದು ಮ್ಯಾಡ್ರಿಡ್ ಫ್ರಾಂಕೊ ವಶವಾಗಿ ಸ್ಪೇನಿನ ಅಂತರ್ಯುದ್ಧ ಮುಗಿಯುವ ಹಂತ ತಲುಪಿತು. 27ರಂದು ಚೀನಾದ ನಾನ್‌ಚಾಂಗ್ ಜಪಾನೀಯರ ಕೈಸೇರಿತು. ನಮ್ಮಲ್ಲಿ 3ರಿಂದ 7ರವರೆಗೆ ರಾಜಕೋಟೆಯಲ್ಲಿ ಗಾಂಧೀಜಿಯ ಉಪವಾಸ. 10ರಿಂದ 12ರವರೆಗೆ ಜಬಲ್ಪುರದ ಬಳಿಯ ತ್ರಿಪುರಿಯಲ್ಲಿ ಕಾಂಗ್ರೆಸ್ ಅಧಿವೇಶನ. ಜ್ವರದಲ್ಲಿ ಮಲಗಿದ್ದ ಅಧ್ಯಕ್ಷ ಸುಭಾಷ್‌ಚಂದ್ರ ಬೋಸ್, ಮ್ಯೂನಿಕ್ ನಂತರದ ಬ್ರಿಟನ್ನಿನ ದೌರ್ಬಲ್ಯವನ್ನು ಎತ್ತಿ ತೋರಿಸಿ, ಗಡುವು ಹಾಕಿ ಸ್ವರಾಜ್ಯ ಕೇಳೋಣ ಎಂದರು. ಅಧಿವೇಶನ ಪಂತ್ ನಿರ್ಣಯದ (ಅಧ್ಯಕ್ಷರು ಗಾಂಧೀಜಿಯ ಇಚ್ಛೆಯಂತೆ ಕಾರ್ಯಕಾರಿ ಸಮಿತಿ ರಚಿಸಬೇಕೆಂಬುದು) ಜಗಳದಲ್ಲಿ ಮುಳುಗಿತು. ಮೂರು ದಿನ ಕಳೆದು ಪ್ರಾಗ್ ಬಿತ್ತು. ತಂತ್ರದ ಬಗ್ಗೆ ಯಾರು ಏನೇ ಹೇಳಲಿ, ಯುರೋಪು ಎತ್ತ ಸಾಗುತ್ತಿದೆ ಎಂಬುದನ್ನು ಆ ಪೆಂಡಾಲಿನಲ್ಲಿ ಬೋಸರಷ್ಟು ನೇರವಾಗಿ ಹೇಳಿದವರು ವಿರಳ.

ಘೋಷಣೆಗೆ ಹಿಟ್ಲರನ ಉತ್ತರ ಏಪ್ರಿಲ್ 3ರ ಗುಪ್ತ ಆದೇಶ: ಪೋಲೆಂಡಿನ ಮೇಲಿನ ದಾಳಿಗೆ ಸೆಪ್ಟೆಂಬರ್ 1ರ ನಂತರ ಯಾವಾಗ ಬೇಕಾದರೂ ಸಿದ್ಧವಾಗಿರಬೇಕು. ಆಗಸ್ಟಿನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಜೊತೆಗಿನ ಮಾಸ್ಕೋದ ಮಾತುಕತೆಯಲ್ಲಿ ಸೋವಿಯತ್ ರಕ್ಷಣಾ ಸಚಿವ ವೊರೊಶಿಲೊವ್ ಕೇಳಿದ್ದು ಮಾರ್ಚ್‌ನಲ್ಲೇ ಬಗೆಹರಿಯಬೇಕಿದ್ದ ಪ್ರಶ್ನೆ: ಕೆಂಪು ಸೇನೆ ಪೋಲೆಂಡಿನ ನೆಲ ದಾಟಲು ಅನುಮತಿ ಇದೆಯೇ? ಉತ್ತರ ಸಿಗಲಿಲ್ಲ, 23ರಂದು ರಿಬ್ಬೆನ್‌ಟ್ರಾಪ್ ಮಾಸ್ಕೋದಲ್ಲಿ ಜರ್ಮನಿ-ಸೋವಿಯತ್ ಅನಾಕ್ರಮಣ ಒಪ್ಪಂದಕ್ಕೆ ಸಹಿ ಹಾಕಿದ. ಬ್ರಿಟನ್ ಮತ್ತು ಪೋಲೆಂಡ್ 25ರಂದು ಪೂರ್ಣ ಒಪ್ಪಂದ ಮಾಡಿಕೊಂಡವು. ಅದರ ಗುಪ್ತ ಷರತ್ತಿನಲ್ಲಿ, ದಾಳಿ ಮಾಡುವ ‘ಯುರೋಪಿನ ಶಕ್ತಿ’ ಎಂದರೆ ಜರ್ಮನಿ ಎಂದು ಬರೆದಿತ್ತು. ಸೆಪ್ಟೆಂಬರ್ 17ರಂದು ಪೂರ್ವದಿಂದ ರಷ್ಯಾದ ಸೇನೆ ಪೋಲೆಂಡನ್ನು ಹೊಕ್ಕಾಗ, ಆ ಒಪ್ಪಂದದ ಪ್ರಕಾರ ರಷ್ಯಾದ ಮೇಲೆ ಯುದ್ಧ ಸಾರುವ ಕಟ್ಟುಪಾಡು ಬ್ರಿಟನ್ನಿಗೆ ಇರಲಿಲ್ಲ.

— ಸಂಪಾದಕ