ಹಾಸನದಲ್ಲೇ ಇದ್ದುಕೊಂಡು ಮಧ್ಯಯುಗದ ಕಾದಾಟಕ್ಕೆ ಹೆಲ್ಮೆಟ್, ಕವಚ ಮಾಡಿಸಬಹುದಾ?

ನೀವು ಕೇಳಿರುವುದು ಇಷ್ಟು: ಹಾಸನದಲ್ಲಿದ್ದೀರಿ, ಯುರೋಪಿನ ಮಧ್ಯಯುಗದ ಯೋಧರ ಹಾಗೆ ಕವಚ ತೊಟ್ಟು ಕಾದಾಡುವ ಆಟಕ್ಕೆ ಇಳಿಯುವ ಆಸೆ ಇದೆ. ಆನ್‌ಲೈನಿನಲ್ಲಿ ಕಂಡ ಕ್ರುಸೇಡರ್ ಹೆಲ್ಮೆಟ್ ತರಿಸಿಕೊಂಡರೆ ಸಾಕಾ, ಇಲ್ಲೇ ಯಾರ ಕೈಲಾದರೂ ಮಾಡಿಸಬಹುದಾ? ಜೊತೆಗೆ, ಅರಸೀಕೆರೆ ಕಡೆಯ ಅಜ್ಜನ ಮನೆಯ ಅಟ್ಟದಲ್ಲಿ ಸಿಕ್ಕ ಹಳೆಯ ಕಬ್ಬಿಣದ ಶಿರಸ್ತ್ರಾಣವನ್ನು ಉಜ್ಜಿ ಹೊಳಪು ಕೊಟ್ಟು ಸಂಗ್ರಹ ಶುರು ಮಾಡಲಾ?

ನಾನು ಚಿಕ್ಕಮಗಳೂರಿನವನು. ಈ ಹುಚ್ಚು ಹಿಡಿದು ಸುಮಾರು ಕಾಲವಾಯಿತು. ಇಲ್ಲಿ ಮಾಡಿಸಬಹುದು, ಚೆನ್ನಾಗಿಯೇ ಮಾಡಿಸಬಹುದು. ಆದರೆ ಕೈಯಲ್ಲಿರುವ ದುಡ್ಡನ್ನೂ ತಾಳ್ಮೆಯನ್ನೂ ಮೊದಲು ತಲೆಗೆ ಹಾಕಿ. ಎದೆಗವಚ, ಕೈಗವಚ, ಕಾಲಿಗೆ ಹಾಕುವುದು ಎಲ್ಲ ಆಮೇಲೆ. ಹೆಲ್ಮೆಟ್ ಸರಿ ಇಲ್ಲದೆ ಉಳಿದದ್ದೆಲ್ಲ ಫಸ್ಟ್ ಕ್ಲಾಸ್ ಇದ್ದರೂ ನೀವು ಅಖಾಡಕ್ಕೆ ಇಳಿಯಬಾರದು.

ಆನ್‌ಲೈನ್ ಸರಕಿನ ವಿಷಯ ಮೊದಲು ಮುಗಿಸೋಣ. ಹೊರದೇಶದವರು ತೊಡುವ ಈ ಬಗೆಯ ಕವಚ, ಹೆಲ್ಮೆಟ್, ಚೈನ್‌ಮೇಲ್ (ಲೋಹದ ಸಣ್ಣ ಬಳೆಗಳನ್ನು ಹೆಣೆದು ಮಾಡುವ ಅಂಗಿ) ಬಹಳಷ್ಟು ತಯಾರಾಗುವುದು ನಮ್ಮ ದೇಶದಲ್ಲೇ, ಅದರಲ್ಲೂ ಡೆಹ್ರಾಡೂನ್, ರೂರ್ಕಿ ಸುತ್ತಮುತ್ತ. ಅಲ್ಲಿನ ಕೆಲಸಗಾರರ ಕೈ ಕಡಿಮೆಯದಲ್ಲ. ಆದರೆ ಅವರು ಎರಡು ಥರದ ಮಾಲು ಮಾಡುತ್ತಾರೆ: ಶೋಕೇಸಿಗೆ ಒಂದು, ಕಾದಾಟಕ್ಕೆ ಒಂದು. ನಮ್ಮ ಶಾಪಿಂಗ್ ಆ್ಯಪ್‌ಗಳಲ್ಲಿ ಕಡಿಮೆ ಬೆಲೆಗೆ ಕಾಣುವುದು ಹೆಚ್ಚಾಗಿ ಮೊದಲನೆಯದು. 20 ಗೇಜ್ ತಗಡು ಅಂದರೆ 0.9 ಎಂ.ಎಂ., 18 ಗೇಜ್ ಅಂದರೆ 1.2, 16 ಗೇಜ್ ಅಂದರೆ 1.6, 14 ಗೇಜ್ ಅಂದರೆ 2 ಎಂ.ಎಂ. ಮಾರುವವರು ಗೇಜ್ ಹೇಳದಿದ್ದರೆ ತೂಕ ಕೇಳಿ. ಮುಖ ಪೂರ್ತಿ ಮುಚ್ಚುವ ಕೊಡದಾಕಾರದ ‘ಗ್ರೇಟ್ ಹೆಲ್ಮ್’ಗೆ ಹೆಚ್ಚುಕಡಿಮೆ 0.29 ಚದರ ಮೀಟರ್ ತಗಡು ಬೇಕು. 2 ಎಂ.ಎಂ. ಉಕ್ಕು ಚದರ ಮೀಟರಿಗೆ 15.7 ಕೆ.ಜಿ. ತೂಗುತ್ತದೆ. ಹಾಗಾಗಿ 2 ಎಂ.ಎಂ. ಹೆಲ್ಮೆಟ್ ನಾಲ್ಕೂವರೆ ಕೆ.ಜಿ. ಆಸುಪಾಸು ಇರಲೇಬೇಕು. ‘ಕಾದಾಟಕ್ಕೆ ಸೂಕ್ತ’ ಅಂತ ಬರೆದು ತೂಕ 2 ಕೆ.ಜಿ. ಅಂತ ಹಾಕಿದ್ದರೆ ಅದು ಗೋಡೆಗೆ ತೂಗುಹಾಕುವ ಮಾಲು, ಅನುಮಾನವೇ ಬೇಡ.

ಎಷ್ಟು ದಪ್ಪ ಬೇಕು ಅನ್ನುವುದು ನೀವು ಯಾವ ಆಟಕ್ಕೆ ಇಳಿಯುತ್ತೀರಿ ಅನ್ನುವುದರ ಮೇಲಿದೆ. 1966ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಹುಟ್ಟಿದ ಎಸ್‌ಸಿಎ ಎಂಬ ಸಂಘದವರು ಬೆತ್ತದ ಕತ್ತಿಯಲ್ಲಿ ಕಾದಾಡುತ್ತಾರೆ. ಬೆತ್ತ ಒಂದೂಕಾಲು ಇಂಚಿಗಿಂತ ಸಣ್ಣ ಇರಬಾರದು, ಹೆಲ್ಮೆಟ್ 16 ಗೇಜಿಗಿಂತ ತೆಳು ಇರಬಾರದು ಅನ್ನುವುದು ಅವರ ನಿಯಮ. ಇನ್ನೊಂದು ಬುಹರ್ಟ್: ಮೊಂಡು ಮಾಡಿದ ಉಕ್ಕಿನ ಆಯುಧ ಹಿಡಿದು ತಂಡ ತಂಡವಾಗಿ ನುಗ್ಗಿ, ಎದುರಾಳಿಯನ್ನು ನೆಲಕ್ಕೆ ಕೆಡವುವ ಆಟ. 2010ರಲ್ಲಿ ಉಕ್ರೇನಿನ ಖೋತಿನ್ ಕೋಟೆಯಲ್ಲಿ ದೇಶದೇಶಗಳ ತಂಡಗಳು ಸೇರಿದ ಮೇಲೆ ಇದು ದೊಡ್ಡದಾಗಿ ಬೆಳೆಯಿತು. ಬುಹರ್ಟ್‌ಗಾದರೆ ನೆತ್ತಿ, ಹಣೆಯ ಭಾಗ 2 ಎಂ.ಎಂ.ಗೆ ಕಡಿಮೆ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ನೀವಂತೂ ಬೆತ್ತದಿಂದಲೇ ಶುರು ಮಾಡಿ. ನಮ್ಮ ಮಲೆನಾಡಿನಲ್ಲಿ ಬೆತ್ತಕ್ಕೆ ಬರವಿಲ್ಲ, ಆದರೆ ಕಾಡಿಗೆ ಹೋಗಿ ಕಡಿಯಬೇಡಿ, ಬುಟ್ಟಿ-ಕುರ್ಚಿ ಹೆಣೆಯುವವರ ಹತ್ತಿರ ಕೊಂಡುಕೊಳ್ಳಿ.

ಈಗ ಮಾಡಿಸುವ ಮಾತು. ಹೊಸಬರು ಅರ್ಧಗೋಳದ ಒಂದೇ ತಗಡಿನ ಬುರುಡೆ ಮಾಡಿಸಲು ಹೋಗಬಾರದು. ಚಪ್ಪಟೆ ತಗಡನ್ನು ಅಷ್ಟು ಆಳಕ್ಕೆ ಇಳಿಸುವುದು ದೊಡ್ಡ ವಿದ್ಯೆ. ಗ್ರೇಟ್ ಹೆಲ್ಮ್ ಹಾಗಲ್ಲ. ಮೇಲೆ ಎರಡು, ಕೆಳಗೆ ಎರಡು, ನೆತ್ತಿಗೆ ಒಂದು, ಹೀಗೆ ಐದು ತಗಡು ಬಗ್ಗಿಸಿ ರಿವಿಟ್ ಹೊಡೆದರೆ ಆಯಿತು. 13ನೇ ಶತಮಾನದಲ್ಲಿ ಇದು ಶುರುವಾದಾಗ ನೆತ್ತಿ ಚಪ್ಪಟೆ ಇತ್ತು. ಚಪ್ಪಟೆ ನೆತ್ತಿಯ ಮೇಲೆ ಬಿದ್ದ ಏಟು ಜಾರದೆ ಪೂರ್ತಿ ತಲೆಗೇ ಇಳಿಯುತ್ತದೆ, ಅದಕ್ಕೇ ಬರಬರುತ್ತಾ ನೆತ್ತಿಯನ್ನು ಶಂಕುವಿನಂತೆ ಚೂಪಾಗಿಸಿದರು. ಅದನ್ನು ‘ಶುಗರ್‌ಲೋಫ್’ ಅನ್ನುತ್ತಾರೆ. ನೀವು ಅದನ್ನೇ ಮಾಡಿಸಿ. ಉಸಿರಾಟದ ತೂತುಗಳನ್ನು ಬಲಗೆನ್ನೆಯ ಕಡೆ ಹೆಚ್ಚು ಹಾಕಿಸಿ. ಹಳೆಯ ಹೆಲ್ಮೆಟ್‌ಗಳಲ್ಲೂ ಹಾಗೇ ಇದೆ, ಎದುರಾಳಿಯ ಭರ್ಜಿ ತಗಲುತ್ತಿದ್ದದ್ದು ಎಡಗಡೆಗೆ.

ಅಳತೆಯಲ್ಲೇ ಎಲ್ಲ ಇರುವುದು. ತಲೆಯ ಸುತ್ತಳತೆಗೆ ಸರಿಯಾಗಿ ಹೆಲ್ಮೆಟ್ ಮಾಡಿಸಿದರೆ ಒಳಗೆ ಮೆತ್ತೆಗೆ ಜಾಗವೇ ಇರುವುದಿಲ್ಲ, ಮೆತ್ತೆ ಇಲ್ಲದ ಉಕ್ಕು ಏಟನ್ನು ಹಾಗೇ ಬುರುಡೆಗೆ ದಾಟಿಸುತ್ತದೆ. ಹಣೆಯ ಮೇಲೆ ಟೇಪ್ ಸುತ್ತಿದಾಗ 58 ಸೆಂ.ಮೀ. ಬಂತು ಅನ್ನಿ. ಸುತ್ತ 2 ಸೆಂ.ಮೀ. ಮೆತ್ತೆ ಬೇಕು ಅಂದರೆ ಸುತ್ತಳತೆಗೆ ಹನ್ನೆರಡೂವರೆ ಸೆಂ.ಮೀ. ಸೇರಿಸಬೇಕು. ಒಳಸುತ್ತು 70.5 ಆಯಿತು. ತಲೆ ದುಂಡಗಿಲ್ಲ, ಮೊಟ್ಟೆಯಾಕಾರ, ಆದ್ದರಿಂದ ಹಣೆಯಿಂದ ಹಿಂದಲೆಗೆ 24.5, ಕಿವಿಯಿಂದ ಕಿವಿಗೆ 20.5 ಸೆಂ.ಮೀ. ಇಟ್ಟರೆ ಸರಿಹೋಗುತ್ತದೆ. ಮೊದಲು ರಟ್ಟಿನಲ್ಲಿ ಕತ್ತರಿಸಿ, ಟೇಪ್ ಅಂಟಿಸಿ, ಒಳಗೆ ಟವೆಲ್ ಸುತ್ತಿಕೊಂಡು ತೊಟ್ಟು ನೋಡಿ. ಕತ್ತು ಬಗ್ಗಿಸಿದಾಗ ಅಂಚು ಎದೆಗೆ ತಾಗುತ್ತದಾ, ಕಣ್ಣಿನ ಸೀಳು ಸರಿಯಾಗಿ ಕಣ್ಣಿನೆದುರೇ ಇದೆಯಾ, ಮೂಗಿಗೂ ತಗಡಿಗೂ ನಡುವೆ ಎರಡು ಬೆರಳು ಹಿಡಿಸುತ್ತದಾ, ಇಷ್ಟೂ ರಟ್ಟಿನಲ್ಲೇ ಗೊತ್ತಾಗುತ್ತದೆ.

ಆ ರಟ್ಟು ಹಿಡಿದು ಯಾರ ಹತ್ತಿರ ಹೋಗಬೇಕು? ಗೇಟು-ಗ್ರಿಲ್ ಮಾಡುವ ಫ್ಯಾಬ್ರಿಕೇಶನ್ ಶಾಪಿನವರು ತಗಡು ಕತ್ತರಿಸಿ ರೋಲ್ ಮಾಡಿಕೊಡುತ್ತಾರೆ. ಆದರೆ ಉಬ್ಬುತಗ್ಗಿನ ಕೆಲಸಕ್ಕೆ ಕಾರಿನ ಟಿಂಕರಿಂಗ್ ಮಾಡುವ ಹಿರಿಯ ಕೈಗಳೇ ಬೇಕು. ನಿಮ್ಮ ಬಿ.ಎಂ. ರಸ್ತೆಯ ಗ್ಯಾರೇಜುಗಳನ್ನು ವಿಚಾರಿಸಿ. ನಮ್ಮಲ್ಲಾದರೆ ಕಾಫಿ ಪಲ್ಪರ್ ಡ್ರಮ್ಮಿಗೆ ತಾಮ್ರದ ತಗಡು ಹಾಕುವವರೂ ಇದ್ದಾರೆ, ಅವರಿಗೂ ತಗಡಿನ ಮರ್ಮ ಗೊತ್ತು. ನನ್ನ ಹೆಲ್ಮೆಟ್ಟಿನ ನೆತ್ತಿ ಎಬ್ಬಿಸಿದ ಟಿಂಕರ್ ಭಾಯಿ ಕೆಲಸ ಮಾಡುವುದನ್ನು ನೋಡಬೇಕಿತ್ತು. ಹಲಸಿನ ದಿಮ್ಮಿಯ ತಲೆಯಲ್ಲಿ ಬಟ್ಟಲಿನಷ್ಟು ಗುಂಡಿ ತೋಡಿಸಿ, ಅದರ ಮೇಲೆ ತಗಡಿಟ್ಟು, ಗುಂಡುಮೂತಿಯ ಸುತ್ತಿಗೆಯಲ್ಲಿ ಅಂಚಿನಿಂದ ನಡುವಿಗೆ ಸುತ್ತು ಸುತ್ತಾಗಿ ಹೊಡೆಯುತ್ತಾ ಬಂದರು. ಮೊದಮೊದಲು ಏಟಿಗೆ ಮಂದವಾದ ಸದ್ದು. ಸ್ವಲ್ಪ ಹೊತ್ತಿಗೆ ಸುತ್ತಿಗೆ ಪುಟಿಯತೊಡಗಿತು, ಸದ್ದು ಕಣಕಣ ಆಯಿತು. ತಕ್ಷಣ ನಿಲ್ಲಿಸಿ, ‘ಸದ್ದು ಬದಲಾಯ್ತು ನೋಡಿ ಅಣ್ಣಾ, ಇನ್ನೂ ಹೊಡೆದ್ರೆ ಸೀಳುತ್ತೆ’ ಅಂದರು. ಹೊಡೆದಷ್ಟೂ ಉಕ್ಕು ಗಡುಸಾಗುತ್ತದೆ. ಕೆಂಪಗೆ ಕಾಯಿಸಿ, ನೀರಿಗೆ ಹಾಕದೆ ತಾನಾಗಿ ಆರಲು ಬಿಟ್ಟರೆ ಮತ್ತೆ ಮೆತ್ತಗಾಗುತ್ತದೆ. ಆಮೇಲೆ ಒಳಗಿನಿಂದ ಡಾಲಿ (ಏಟಿಗೆ ಆನಿಕೆಯಾಗಿ ಹಿಡಿಯುವ ಉಕ್ಕಿನ ಗಟ್ಟಿ) ಕೊಟ್ಟು, ಹೊರಗಿನಿಂದ ಹಗುರವಾಗಿ ತಟ್ಟುತ್ತಾ, ಅಂಗೈಯಲ್ಲಿ ಸವರಿ ಸವರಿ ಉಬ್ಬು ಹುಡುಕಿದರು. ಕಣ್ಣಿಗೆ ಕಾಣದ ಉಬ್ಬು ಆ ಅಂಗೈಗೆ ಸಿಗುತ್ತಿತ್ತು. ಇಂಥವರ ಕೆಲಸಕ್ಕೆ ಚೌಕಾಸಿ ಮಾಡಬೇಡಿ.

ತಗಡು ಕೊಳ್ಳುವಾಗ ಸಿ.ಆರ್. ಶೀಟ್, ಅಂದರೆ ಲೇಪವಿಲ್ಲದ ಕೋಲ್ಡ್ ರೋಲ್ಡ್ ಉಕ್ಕಿನ ತಗಡು ಕೇಳಿ. ಜಿ.ಐ. ಶೀಟ್ ಸುತರಾಂ ಬೇಡ, ಅದರ ಸತುವಿನ ಲೇಪ ಕಾಯಿಸಿದರೆ, ವೆಲ್ಡ್ ಮಾಡಿದರೆ ಹೊಗೆಯಾಗಿ ಉಸಿರಿಗೆ ಹೋಗಿ ಚಳಿಜ್ವರ ಬರಿಸುತ್ತದೆ. ಸ್ಟೇನ್‌ಲೆಸ್ ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಸುತ್ತಿಗೆಗೆ ಬೇಗ ಗಡುಸಾಗಿ ಕೆಲಸಗಾರನ ಪ್ರಾಣ ತಿನ್ನುತ್ತದೆ. ಜೋಡಣೆಗೆ 5 ಎಂ.ಎಂ. ಗಟ್ಟಿ ಉಕ್ಕಿನ ರಿವಿಟ್ ಹಾಕಿಸಿ. ಪಾಪ್ ರಿವಿಟ್ ಬೇಗ ಆಗುತ್ತದೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಅದು ಒಳಗೆ ಟೊಳ್ಳು, ನಾಲ್ಕು ಏಟಿಗೆ ಕತ್ತರಿಸಿಹೋಗುತ್ತದೆ.

ಒಳಮೆತ್ತೆಗೆ ಯೋಗ ಮ್ಯಾಟಿನಂಥ ಗಟ್ಟಿ ಫೋಮ್ ಎರಡು ಪದರ, ಅದರೊಳಗೆ ಹತ್ತಿ ತುಂಬಿದ ಟೋಪಿ, ಗದ್ದಕ್ಕೆ ಬಕಲ್ ಇರುವ ಗಟ್ಟಿ ಪಟ್ಟಿ. ಬೈಕ್ ಹೆಲ್ಮೆಟ್ಟಿನ ಥರ್ಮೊಕೋಲ್ ಕಿತ್ತು ಒಳಗೆ ಹಾಕುವವರಿದ್ದಾರೆ. ಅದು ಒಂದೇ ಏಟಿಗೆ ಕುಗ್ಗಿ ಕೆಲಸ ಮುಗಿಸುವ ಸಾಮಾನು, ಮತ್ತೆ ಮತ್ತೆ ಬೀಳುವ ಏಟಿಗೆ ಬಾರದು. ತೊಟ್ಟ ಮೇಲೆ ತಲೆಯನ್ನು ಜೋರಾಗಿ ಅತ್ತಿತ್ತ ಆಡಿಸಿ. ತಲೆ ನಿಂತ ಮೇಲೂ ಹೆಲ್ಮೆಟ್ ತಿರುಗಿದರೆ ಮೆತ್ತೆ ಸಡಿಲ ಇದೆ ಅಂತ. ಇಷ್ಟೆಲ್ಲ ಮಾಡಿದರೂ ಮಿದುಳು ಒಳಗೆ ಅಲುಗುವುದನ್ನು ಯಾವ ಹೆಲ್ಮೆಟ್ಟೂ ಪೂರ್ತಿ ತಡೆಯುವುದಿಲ್ಲ. ಏಟು ಬಿದ್ದ ಮೇಲೆ ತಲೆ ಸುತ್ತಿದರೆ, ವಾಂತಿ ಬಂದಂತಾದರೆ ಆ ದಿನದ ಆಟ ಅಲ್ಲಿಗೆ ಮುಗಿಯಿತು, ಆಸ್ಪತ್ರೆಗೆ ಹೋಗಿ. ಈ ಒಂದು ವಿಷಯದಲ್ಲಿ ಗಂಡಸುತನ ತೋರಿಸಬೇಡಿ.

ಹೆಲ್ಮೆಟ್ ಆದ ಮೇಲೆ ಕೈ. ಬೆರಳು ಮುರಿಯುವಷ್ಟು ಸುಲಭವಾಗಿ ಬೇರೇನೂ ಮುರಿಯುವುದಿಲ್ಲ, ಹಾಗಾಗಿ ಕೈಗವಚವನ್ನು ಮಾತ್ರ ಕಾದಾಟಕ್ಕೆಂದೇ ಮಾಡುವವರಿಂದ ತರಿಸಿ. ಮೈಗೆ ಗ್ಯಾಂಬೆಸನ್. ತೋಳಿರುವ ದಪ್ಪ ಕೌದಿ ಅಂದುಕೊಳ್ಳಿ. ಫ್ರಾನ್ಸಿನ ಹನ್ನೊಂದನೇ ಲೂಯಿ 15ನೇ ಶತಮಾನದಲ್ಲಿ ಸೈನಿಕರ ಅಂಗಿಗೆ 25ರಿಂದ 30 ಪದರ ಬಟ್ಟೆ, ಮೇಲೊಂದು ಜಿಂಕೆ ಚರ್ಮ ಅಂತ ಕಟ್ಟಳೆ ಮಾಡಿದ್ದ. ನಿಮ್ಮ ಊರಲ್ಲಿ ಹಾಸಿಗೆ ಹೊಲಿಯುವವರು ಹಳೆಯ ಹತ್ತಿಪಂಚೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದುಕೊಡುತ್ತಾರೆ. ಪಾಲಿಯೆಸ್ಟರ್ ಬೇಡ, ಏಪ್ರಿಲ್ ಬಿಸಿಲಲ್ಲಿ ಒಳಗೆ ಬೆಂದುಹೋಗುತ್ತೀರಿ. ಚೈನ್‌ಮೇಲ್ ಕೊಳ್ಳುವುದಾದರೆ ಪ್ರತಿ ಬಳೆಗೂ ರಿವಿಟ್ ಇರುವುದನ್ನೇ ಕೊಳ್ಳಿ, ಬರೀ ತುದಿ ಸೇರಿಸಿದ ಬಳೆಗಳು ಕಾದಾಟದಲ್ಲಿ ಬಾಯಿಬಿಡುತ್ತವೆ. ಅಭ್ಯಾಸಕ್ಕೆ ಹುಲ್ಲಿನ ಮೈದಾನ ಹುಡುಕಿ. ಕೊಯ್ಲು ಮುಗಿದು ಖಾಲಿಯಾದ ಕಾಫಿ ಕಣ ನೋಡಿದರೆ ಆಸೆಯಾಗುತ್ತದೆ, ಆದರೆ ಕವಚದ ಭಾರದ ಜೊತೆ ಕಾಂಕ್ರೀಟಿನ ಮೇಲೆ ಬಿದ್ದರೆ ಮೊಣಕಾಲು ಕೈಕೊಡುತ್ತದೆ.

ಮಳೆಗಾಲದ ಮಾತು ಹೇಳಲೇಬೇಕು. ಜೂನ್ ಬಂತೆಂದರೆ ನಮ್ಮ ಕಡೆ ಸಂಜೆ ಒರೆಸಿಟ್ಟ ಉಕ್ಕಿಗೆ ಬೆಳಿಗ್ಗೆ ಕಂದು ಪೊರೆ ಬಂದಿರುತ್ತದೆ. ಗೋಣಿಚೀಲದಲ್ಲಿ ಸುತ್ತಿಡಬೇಡಿ, ಅದು ತೇವ ಹೀರಿಕೊಂಡು ಉಕ್ಕಿಗೇ ತಾಗಿಸುತ್ತದೆ. ಬೆವರು ಒರೆಸಿ, ಮೆಷಿನ್ ಆಯಿಲ್ ತೆಳ್ಳಗೆ ಸವರಿ, ಮುಚ್ಚಳ ಬಿಗಿಯಾಗುವ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಒಳಮೆತ್ತೆಯನ್ನು ಮಾತ್ರ ಬಿಚ್ಚಿ ಬೇರೆ ಒಣಗಿಸಿ. ಚೈನ್‌ಮೇಲ್‌ಗೆ ತುಕ್ಕು ಹಿಡಿದರೆ ಒಣ ಮರಳಿನ ಜೊತೆ ಡ್ರಮ್ಮಿಗೆ ಹಾಕಿ ಉರುಳಿಸಿ. ಹಿಂದಿನವರೂ ಪೀಪಾಯಿಯಲ್ಲಿ ಹಾಗೇ ಉರುಳಿಸುತ್ತಿದ್ದರು.

ಯುರೋಪಿನದ್ದೇ ಯಾಕೆ, ನಮ್ಮ ಹೊಯ್ಸಳ ಯೋಧನ ವೇಷ ಯಾಕಾಗಬಾರದು ಅಂತ ನಿಮಗೂ ಅನ್ನಿಸಿರಬಹುದು. ನನಗೆ ಅದು ಬಹಳ ಹತ್ತಿರದ ಆಸೆ. ಹಳೇಬೀಡಿನ ಹೊರಗೋಡೆಯ ಕುದುರೆ ಸವಾರರ ಸಾಲು, ಅಲ್ಲಿನ ಚಕ್ರವ್ಯೂಹದ ಫಲಕ, 1196ರ ಅಮೃತಾಪುರದ ದೇವಸ್ಥಾನದ ಮಹಾಭಾರತದ ಕೆತ್ತನೆಗಳು, ನಮ್ಮೆರಡೂ ಜಿಲ್ಲೆಯ ಊರೂರಿನ ವೀರಗಲ್ಲುಗಳು, ಇವನ್ನೆಲ್ಲ ಹೋಗಿ ನಿಧಾನವಾಗಿ ನೋಡಿ. ಗುರಾಣಿಯ ಆಕಾರ, ಕತ್ತಿಯ ಉದ್ದ, ನಿಲ್ಲುವ ಭಂಗಿ ಕಲಿಯಲು ಅವು ಚಿನ್ನ. ಆದರೆ ಶಿಲ್ಪಿ ವೀರನಿಗೆ ಒಡವೆ, ಕಿರೀಟ ತೊಡಿಸಿ ಕೆತ್ತಿದ್ದಾನೆ, ಅದನ್ನು ಅಳತೆಗೆ ಹಿಡಿದು ಹೆಲ್ಮೆಟ್ ಮಾಡಲಾಗದು. ಕನ್ನಡ ನೆಲದ ಕವಚದ ಬಗ್ಗೆ ಕಣ್ಣಾರೆ ಕಂಡವರ ಬರಹ ಬೇಕಾದರೆ 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನ ವರ್ಣನೆ ಓದಿ. ಹತ್ತಿ ತುಂಬಿ ಹೊಲಿದ ಅಂಗಿ, ಹಸಿಚರ್ಮದ ಪದರಗಳ ಮೇಲೆ ಕಬ್ಬಿಣದ ತಗಡು, ಕುತ್ತಿಗೆ ಮುಚ್ಚುವ ಅಂಚೂ ಮುಖಕ್ಕೊಂದು ತುಂಡೂ ಇರುವ ಶಿರಸ್ತ್ರಾಣ, ಎಲ್ಲ ಅಲ್ಲಿದೆ. ಒಂದು ಒಳ್ಳೆಯ ವಿಜಯನಗರದ ಸೆಟ್ಟು ಅಷ್ಟರ ಆಧಾರದಲ್ಲಿ ಕಟ್ಟಬಹುದು, ನಾನು ಅದರ ಕೆಲಸದಲ್ಲೇ ಇದ್ದೇನೆ.

ಕಾನೂನು: ಕವಚ, ಹೆಲ್ಮೆಟ್ ಇಟ್ಟುಕೊಳ್ಳಲು ಭಯ ಬೇಡ. ಹರಿತವಾದ ಕತ್ತಿ ಬೇರೆ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು 1959ರ ಆಯುಧ ಕಾಯ್ದೆಯ ನಿಯಮಗಳ ಪಟ್ಟಿಗೆ ಬರುತ್ತದೆ, ಠಾಣೆಯಲ್ಲಿ ಕೇಳಿಯೇ ಮುಂದುವರಿಯಿರಿ.

ಕೊನೆಗೆ ಅಜ್ಜನ ಮನೆಯ ಶಿರಸ್ತ್ರಾಣ. ಅದನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಲೇಬೇಡಿ. ಹಳೆಯ ಕಬ್ಬಿಣದ ಮೇಲೆ ಚಿನ್ನ-ಬೆಳ್ಳಿಯ ಎಳೆ ಕೂರಿಸಿದ ಕೋಫ್ತಗಾರಿ ಕೆಲಸ ಇದ್ದರೆ ಒಂದೇ ಆಯುಧಪೂಜೆಯ ಉಜ್ಜಾಟಕ್ಕೆ ಹೋಗಿಬಿಡುತ್ತದೆ. ಪೂಜೆಗೆ ಇಡುವುದಾದರೆ ಅರಿಶಿನ-ಕುಂಕುಮ ಕೆಳಗಿನ ಬಟ್ಟೆಗೆ ಹಚ್ಚಿ, ಲೋಹಕ್ಕೆ ಬೇಡ. ನೆತ್ತಿಯಲ್ಲಿ ಮೊಳೆಯಂಥ ಮುಳ್ಳು, ಮೂಗಿನ ಮುಂದೆ ಮೇಲೆ-ಕೆಳಗೆ ಜಾರುವ ಪಟ್ಟಿ, ಹಿಂದೆ ಬಳೆಗಳ ಜಾಲರಿ ಇದೆಯಾ ನೋಡಿ. ಇದ್ದರೆ ಅದು ಕುಲಾ ಖೂದ್ ಎಂಬ, ಪರ್ಷಿಯಾ-ಭಾರತದ ಕಡೆಯ ಹಳೆಯ ಶಿರಸ್ತ್ರಾಣದ ಜಾತಿಯದ್ದು. ಆ ಮಾದರಿಯಲ್ಲಿ 19ನೇ ಶತಮಾನದಲ್ಲಿ ಬರೀ ಅಲಂಕಾರಕ್ಕೂ ಬಹಳ ಮಾಡಿದ್ದಾರೆ, ಅದಕ್ಕೇ ಬಳೆಗಳಿಗೆ ರಿವಿಟ್ ಇದೆಯಾ, ತಗಡು ಎಷ್ಟು ದಪ್ಪ ಅನ್ನುವುದನ್ನು ಭೂತಗನ್ನಡಿ ಹಿಡಿದು ಪರೀಕ್ಷಿಸಿ. ನೂರು ವರ್ಷ ದಾಟಿದ್ದರೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯವಾಗುತ್ತದೆ. ಅಂಥದನ್ನು ದೇಶದ ಹೊರಗೆ ಮಾರುವಂತಿಲ್ಲ, ವ್ಯಾಪಾರ ಮಾಡಲು ಲೈಸೆನ್ಸ್ ಬೇಕು. ಮನೆಗೆ ಬರುವ ಗುಜರಿಯವರಿಗಂತೂ ತೋರಿಸಲೂ ಬೇಡಿ. ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆದು, ತೂಕ, ಅಳತೆ, ಮನೆಯ ಹಿರಿಯರು ಅದರ ಬಗ್ಗೆ ಹೇಳುವ ಮಾತು ಎಲ್ಲ ಬರೆದಿಟ್ಟು, ಸಮೀಪದ ಸರ್ಕಾರಿ ವಸ್ತುಸಂಗ್ರಹಾಲಯದವರಿಗೆ ಒಮ್ಮೆ ತೋರಿಸಿ. ಅಲ್ಲಿಯವರೆಗೆ ಒಣ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು.