ಗಾಲ್ಫ್‌ಗೆ ದೂರ ಅಳೆಯುವ ಸಾಧನ: ಲೇಸರ್ ತಗೊಳ್ಳಲಾ, ಜಿಪಿಎಸ್ ವಾಚ್ ತಗೊಳ್ಳಲಾ?

ನಿಮ್ಮ ಪ್ರಶ್ನೆ ಇಷ್ಟು: ಊರು ಮಂಡ್ಯ, ಭಾನುವಾರ ಮೈಸೂರಿಗೆ ಬಂದು ಆಡುತ್ತೀರಿ. ಹ್ಯಾಂಡಿಕ್ಯಾಪ್ 24, ಅಂದರೆ ಸಾಧಾರಣ ಮಟ್ಟದ ಆಟ. ಕನ್ನಡಕ ಇದೆ. ಕೈಯಲ್ಲಿ ಇಪ್ಪತ್ತು ಸಾವಿರ ಇಟ್ಟುಕೊಂಡಿದ್ದೀರಿ. ಲೇಸರ್ ರೇಂಜ್‌ಫೈಂಡರ್ ವಾಸಿನಾ, ಜಿಪಿಎಸ್ ವಾಚ್ ವಾಸಿನಾ, ‘ಸ್ಲೋಪ್’ (ಏರಿಳಿತ ಲೆಕ್ಕ ಹಾಕುವ ಸೌಲಭ್ಯ) ಇರಲೇಬೇಕಾ ಅಂತ ಕೇಳಿದ್ದೀರಿ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಧ್ಯಮ ದರದ ಒಂದು ಲೇಸರ್ ತಗೊಳ್ಳಿ. ಸ್ಲೋಪ್‌ಗೆ ಅಂತ ಜಾಸ್ತಿ ದುಡ್ಡು ಹಾಕಬೇಡಿ. ವಾಚ್ ಸದ್ಯಕ್ಕೆ ಬೇಡ, ಅದರ ಮುಖ್ಯ ಕೆಲಸವನ್ನು ನಿಮ್ಮ ಫೋನೇ ಮಾಡಿಕೊಡುತ್ತದೆ.

ಈಗ ಕಾರಣ. ನಾನು ಸರ್ವೆ ಕೆಲಸದಲ್ಲಿದ್ದವನು, ಜಮೀನು ಅಳೆಯುವ ಟೋಟಲ್ ಸ್ಟೇಷನ್ ಯಂತ್ರ ಹೊತ್ತು ತಿರುಗಿದವನು. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಇವೆರಡೂ ಒಂದೇ ಕೆಲಸ ಮಾಡುವ ಸಾಧನಗಳಲ್ಲ. ಲೇಸರ್ ನೀವು ಗುರಿಯಿಟ್ಟ ವಸ್ತು ಎಷ್ಟು ದೂರ ಅಂತ ಹೇಳುತ್ತದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಮಿಡಿತ ಹೋಗಿ, ತಾಗಿ, ವಾಪಸ್ ಬರಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕುತ್ತದೆ. 150 ಯಾರ್ಡ್ ಹೋಗಿ ಬರಲು ಬೆಳಕಿಗೆ ಒಂದು ಮೈಕ್ರೋಸೆಕೆಂಡ್ ಕೂಡ ಬೇಕಾಗುವುದಿಲ್ಲ. ಅಳತೆಯಲ್ಲಿ ಒಂದು ಯಾರ್ಡ್ ತಪ್ಪು ಅಂದರೆ ಸಮಯದಲ್ಲಿ ಸುಮಾರು 6 ನ್ಯಾನೋಸೆಕೆಂಡ್ ತಪ್ಪು. ಅಷ್ಟು ಸಣ್ಣ ಹೊತ್ತನ್ನು ಜೇಬಿನಲ್ಲಿ ಹಿಡಿಸುವ ಡಬ್ಬಿ ಅಳೆಯುತ್ತದೆ. ನಿಮ್ಮ ಜಿಲ್ಲೆಯ ಶ್ರೀರಂಗಪಟ್ಟಣದಲ್ಲೇ 1799ರಲ್ಲಿ ಯುದ್ಧಕ್ಕೆ ನಿಂತಿದ್ದ, ಮುಂದೆ ಭಾರತದ ಮಹಾ ಸರ್ವೆ ಶುರು ಮಾಡಿದ ಲ್ಯಾಂಬ್ಟನ್, 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಒಂದು ನೇರ ಗೆರೆ ಅಳೆಯಲು ವಾರಗಟ್ಟಲೆ ಸರಪಳಿ ಎಳೆಸಿದ್ದ. ಇದು ಪ್ರಶ್ನೆಗೆ ಸಂಬಂಧ ಇಲ್ಲದ ಮಾತು. ಆದರೆ ಆ ಬಟನ್ ಒತ್ತಿದಾಗೆಲ್ಲ ನನಗೆ ಆ ಸರಪಳಿ ಎಳೆದ ಅವನ ಖಲಾಸಿಗಳು ನೆನಪಾಗುತ್ತಾರೆ.

ಜಿಪಿಎಸ್ ಲೆಕ್ಕವೇ ಬೇರೆ. ಅದು ನೀವು ನಿಂತ ಜಾಗವನ್ನು ಉಪಗ್ರಹದಿಂದ ತಿಳಿದುಕೊಂಡು, ತನ್ನ ಹತ್ತಿರ ಇರುವ ಕೋರ್ಸಿನ ನಕ್ಷೆಗೆ ಹೋಲಿಸಿ, ಗ್ರೀನಿನ (ಕುಳಿ ಇರುವ, ಹುಲ್ಲು ನುಣ್ಣಗೆ ಕತ್ತರಿಸಿದ ಜಾಗದ) ಮುಂಭಾಗ, ಮಧ್ಯ, ಹಿಂಭಾಗಕ್ಕೆ ಎಷ್ಟು ದೂರ ಅಂತ ಹೇಳುತ್ತದೆ. ಬಯಲಲ್ಲಿ ನಾಲ್ಕೈದು ಮೀಟರ್ ಆಚೆ ಈಚೆ ಆಗಬಹುದು, ಮರದ ಕೆಳಗೆ ಇನ್ನೂ ಸ್ವಲ್ಪ ಜಾಸ್ತಿ. ನಕ್ಷೆ ಸರಿಯಿದ್ದರೆ ತೊಂದರೆ ಇಲ್ಲ. ಆದರೆ ಇವತ್ತು ಬೆಳಿಗ್ಗೆ ಮಾಲಿ ಕುಳಿ ತೋರಿಸುವ ಫ್ಲಾಗನ್ನು ಎಲ್ಲಿ ನೆಟ್ಟ ಅನ್ನುವುದು ಅದಕ್ಕೆ ಗೊತ್ತಿರುವುದಿಲ್ಲ. ಗ್ರೀನ್ 30 ಯಾರ್ಡ್ ಉದ್ದ ಇದೆ ಅಂದುಕೊಳ್ಳಿ. ವಾಚ್ ಮಧ್ಯಕ್ಕೆ 150 ಅನ್ನುತ್ತದೆ. ಫ್ಲಾಗ್ ಮುಂದಿನ ಅಂಚಿನಲ್ಲಿದ್ದರೆ ನಿಜವಾದ ದೂರ 138. ಅಲ್ಲಿಗೆ ಒಂದು ಕ್ಲಬ್ಬಿನ, ಅಂದರೆ ಹೊಡೆಯುವ ಕೋಲಿನ, ವ್ಯತ್ಯಾಸ ಆಗಿಹೋಯಿತು.

‘24 ಹ್ಯಾಂಡಿಕ್ಯಾಪಿನವನಿಗೆ ಒಂದು ಯಾರ್ಡ್ ಲೆಕ್ಕ ಯಾಕೆ ಸ್ವಾಮಿ’ ಅಂತ ಕ್ಲಬ್ಬಿನಲ್ಲಿ ಯಾರಾದರೂ ನಿಮ್ಮನ್ನು ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಿಮ್ಮ ಏಳನೇ ಐರನ್ (ನಂಬರ್ ಇರುವ ಕೋಲುಗಳಲ್ಲಿ ಒಂದು) ಹೊಡೆತ ಒಂದು ಸಲ 140 ಹೋಗುತ್ತೆ, ಇನ್ನೊಂದು ಸಲ 115. ಗುರಿಯ ದೂರ ಕರಾರುವಾಕ್ಕಾಗಿ ಗೊತ್ತಿದ್ದು ಮಾಡುವುದೇನು? ಅದಕ್ಕೇ ನಾನು ಹೇಳುವುದು, ನಿಮ್ಮ ಮಟ್ಟದಲ್ಲಿ ಲೇಸರಿನ ದೊಡ್ಡ ಉಪಯೋಗ ಫ್ಲಾಗ್ ಅಳೆಯುವುದಲ್ಲ, ನಿಮ್ಮನ್ನು ನೀವು ಅಳೆದುಕೊಳ್ಳುವುದು.

ಡ್ರೈವಿಂಗ್ ರೇಂಜಿನಲ್ಲಿ 100, 150 ಅಂತ ಬೋರ್ಡ್ ಇರುತ್ತೆ ಅಲ್ವಾ? ಅದನ್ನು ಸುಮ್ನೆ ನಂಬಬೇಡಿ. ಹುಲ್ಲು ಉಳಿಯಲಿ ಅಂತ ಹೊಡೆಯುವ ಜಾಗವನ್ನು ಹಿಂದೆ ಮುಂದೆ ಮಾಡುತ್ತಾ ಇರುತ್ತಾರೆ, ಬೋರ್ಡ್ ಮಾತ್ರ ನೆಟ್ಟಲ್ಲೇ ಇರುತ್ತದೆ. ನಿಂತ ಜಾಗದಿಂದ ಬೋರ್ಡಿಗೆ ಒಮ್ಮೆ ಲೇಸರ್ ಹಿಡಿಯಿರಿ. ಆಮೇಲೆ ಒಂದು ಐರನ್ ತೆಗೆದು ಚೆಂಡುಗಳನ್ನು ಹೊಡೆಯುತ್ತಾ ಹೋಗಿ. ಚೆಂಡು ಮೊದಲು ನೆಲಕ್ಕೆ ಬೀಳುವ ಜಾಗ ನೋಡಿಕೊಳ್ಳಿ, ಉರುಳಿ ನಿಲ್ಲುವ ಜಾಗ ಅಲ್ಲ. ಜಾಸ್ತಿ ಚೆಂಡು ಎಲ್ಲಿ ಬೀಳುತ್ತಿವೆಯೋ ಅದರ ಹತ್ತಿರದ ಒಂದು ಗಿಡಕ್ಕೋ ಕಂಬಕ್ಕೋ ಅಳತೆ ಮಾಡಿ. ಅದೇ ನಿಮ್ಮ ಸಂಖ್ಯೆ. ಒಂದೇ ಒಂದು ಸಲ ಚೆನ್ನಾಗಿ ತಾಗಿ ಹೋದದ್ದು ನಿಮ್ಮ ಸಂಖ್ಯೆಯಲ್ಲ, ಅದನ್ನು ಬರೆದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲರೂ ಬರೆದುಕೊಳ್ಳುವುದು ಅದನ್ನೇ. ಅದಕ್ಕೇ ಎಲ್ಲರ ಚೆಂಡೂ ಗ್ರೀನ್ ಮುಟ್ಟದೆ ಅದರ ಮುಂದಿರುವ ಮರಳಿನ ಬಂಕರಿಗೆ ಹೋಗುತ್ತವೆ.

ವಾಚ್ ಕೂಡ ಹೊಡೆತದ ದೂರ ಹೇಳುತ್ತದೆ, ನಿಜ. ಆದರೆ ನೀವು ಚೆಂಡಿನವರೆಗೆ ನಡೆದು ಹೋದ ಮೇಲೆ ಹೇಳುತ್ತದೆ. ಉರುಳಿದ್ದೂ ಸೇರಿರುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ನೆಲ ಗಟ್ಟಿಯಾದಾಗ ಚೆಂಡು ಎಷ್ಟು ಉರುಳುತ್ತೆ ಅಂತ ನಿಮಗೇ ಗೊತ್ತು. ಮಳೆಗಾಲದಲ್ಲಿ ಬಿದ್ದಲ್ಲೇ ಕೂರುತ್ತದೆ. ಎರಡನ್ನೂ ಬೆರೆಸಿದ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ.

ಸ್ಲೋಪ್ ವಿಚಾರಕ್ಕೆ ಬರೋಣ. ಅಂಗಡಿಯವರು ಇದನ್ನೇ ಮುಂದೆ ಮಾಡಿ ಮಾರುತ್ತಾರೆ. ಡಬ್ಬಿಯೊಳಗೆ ಕೋನ ಅಳೆಯುವ ಸೆನ್ಸರ್ ಇರುತ್ತೆ. ಗುರಿ ಎತ್ತರದಲ್ಲಿದ್ದರೆ ದೂರ ಕೂಡಿಸಿ, ತಗ್ಗಿನಲ್ಲಿದ್ದರೆ ಕಳೆದು ಹೇಳುತ್ತದೆ. ಐರನ್ ಹೊಡೆತ ಹತ್ತಿರ ಹತ್ತಿರ 45 ಡಿಗ್ರಿಯಲ್ಲಿ ಇಳಿಯುವುದರಿಂದ ಒರಟು ಲೆಕ್ಕ ಸುಲಭ: ಗ್ರೀನ್ ನಿಮಗಿಂತ 5 ಯಾರ್ಡ್ ಎತ್ತರ ಇದ್ದರೆ ದೂರಕ್ಕೆ 5 ಯಾರ್ಡ್ ಸೇರಿಸಿ ಹೊಡೆಯಿರಿ. ಊಟಿಯಲ್ಲೋ ಮಡಿಕೇರಿಯಲ್ಲೋ ಆಡುವವರಿಗೆ ಇದು ನಿಜವಾಗಿಯೂ ಬೇಕು, ಅಲ್ಲಿ ಏರು ಇಳಿವು ಕಣ್ಣಿಗೆ ಸರಿಯಾಗಿ ಸಿಗುವುದಿಲ್ಲ. ನೀವು ಆಡುವುದು ರೇಸ್ ಕೋರ್ಸ್ ಪಕ್ಕದ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನಲ್ಲಿ. ಚಾಮುಂಡಿ ಬೆಟ್ಟ ಕಣ್ಣೆದುರೇ ಇರುತ್ತೆ ನಿಜ, ನೀವೇನೂ ಬೆಟ್ಟ ಹತ್ತಿ ಆಡುವುದಿಲ್ಲವಲ್ಲ. ಅಲ್ಲಿನ ಸಣ್ಣ ಪುಟ್ಟ ಏರಿಳಿತಕ್ಕೆ ಎರಡು ಮೂರು ಯಾರ್ಡ್ ಕಣ್ಣಂದಾಜು ಸಾಕು.

ಎತ್ತರದ ಮಾತು ಬಂತು ಅಂತ ಇನ್ನೊಂದು. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ಗಾಳಿ ಸ್ವಲ್ಪ ತೆಳು. ಅದೇ ಹೊಡೆತ ಮಂಗಳೂರಿನಲ್ಲಿ 150 ಹೋದರೆ ಇಲ್ಲಿ 154ರ ಹತ್ತಿರ ಹೋಗುತ್ತೆ, ಸರಿಸುಮಾರು 3 ಪರ್ಸೆಂಟ್. ನೀವು ಕಲಿತದ್ದೇ ಇಲ್ಲಿ, ಆದ್ದರಿಂದ ನಿಮ್ಮ ಸಂಖ್ಯೆಯಲ್ಲಿ ಅದು ಆಗಲೇ ಸೇರಿದೆ. ಚೆನ್ನೈಗೆ ಆಡಲು ಹೋದರೆ ಮಾತ್ರ ‘ಏನಪ್ಪಾ, ಒಂದೂ ಮುಟ್ಟುತ್ತಿಲ್ಲ’ ಅನ್ನಿಸಬಹುದು. ಆಗ ಇದು ನೆನಪಿರಲಿ.

ಸ್ಪರ್ಧೆಯಲ್ಲಿ ಸ್ಲೋಪ್ ಬಳಸುವಂತೆಯೂ ಇಲ್ಲ. 2019ರಲ್ಲಿ ಬಂದ ಹೊಸ ನಿಯಮದ ಪ್ರಕಾರ ದೂರ ಅಳೆಯುವ ಸಾಧನಕ್ಕೆ ಅನುಮತಿ ಇದೆ. ಸ್ಪರ್ಧೆ ನಡೆಸುವ ಕಮಿಟಿ ಬೇಡ ಅಂದರೆ ಮಾತ್ರ ಇಲ್ಲ. ಅದಕ್ಕೂ ಮುಂಚೆ ಉಲ್ಟಾ ಇತ್ತು, ಕಮಿಟಿ ಒಪ್ಪಿದರೆ ಮಾತ್ರ ಬಳಸಬಹುದಿತ್ತು. ಆದರೆ ಏರಿಳಿತ ಅಳೆಯುವುದು ನಿಯಮ 4.3ರ ಪ್ರಕಾರ ಈಗಲೂ ತಪ್ಪು. ‘ಇಲ್ಲಿಂದ ಆರನೇ ಐರನ್ ಹೊಡಿ’ ಅಂತ ಫೋನಿನ ಆ್ಯಪ್ ಸಲಹೆ ಕೊಡುತ್ತಲ್ಲ, ಅದೂ ತಪ್ಪು. ಮೊದಲ ಸಲ ಸ್ಟ್ರೋಕ್ ಪ್ಲೇನಲ್ಲಿ (ಒಟ್ಟು ಹೊಡೆತ ಎಣಿಸುವ ಆಟದಲ್ಲಿ) ಎರಡು ಸ್ಟ್ರೋಕ್ ದಂಡ, ಮತ್ತೆ ಮಾಡಿದರೆ ಸ್ಪರ್ಧೆಯಿಂದಲೇ ಹೊರಗೆ. ಸ್ಲೋಪ್ ಇರುವ ಮಾಡೆಲ್ ಕಡಿಮೆ ಬೆಲೆಗೆ ಸಿಕ್ಕಿತು ಅಂದರೆ ತಗೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಆಫ್ ಮಾಡುವ ಸ್ವಿಚ್ ಡಬ್ಬಿಯ ಹೊರಗೇ ಇರಬೇಕು, ಜೊತೆಗೆ ಆಡುವವರಿಗೂ ಕಾಣಬೇಕು. ಮೆನುವಿನೊಳಗೆ ಹುಡುಕಿ ಆಫ್ ಮಾಡುವಂಥದ್ದು ತಲೆನೋವು. ಸುಮ್ನೆ ಅನುಮಾನಕ್ಕೆ ದಾರಿ.

ಕೊಳ್ಳುವಾಗ ನಾನು ನಿಜವಾಗಿ ನೋಡುವುದು ಬೇರೆ ವಿಷಯಗಳನ್ನು. ಮೊದಲನೆಯದು, ಫ್ಲಾಗ್ ಹಿಡಿಯುವ ಸಾಮರ್ಥ್ಯ. ಗ್ರೀನಿನ ಹಿಂದೆ ಮರದ ಸಾಲು ಇದೆ ಅಂದುಕೊಳ್ಳಿ. ನೀವು ಫ್ಲಾಗಿಗೆ ಹಿಡಿದು ಬಟನ್ ಒತ್ತುತ್ತೀರಿ. ಕೈ ಕೂದಲೆಳೆಯಷ್ಟು ಅಲುಗಿತು. 148 ಅಂದದ್ದು 171 ಆಯಿತು, ಮತ್ತೆ 149, ಮತ್ತೆ 172. ಯಾವುದು ಫ್ಲಾಗ್, ಯಾವುದು ಮರ? ಗಾಲ್ಫಿಗೆ ಅಂತಲೇ ಮಾಡಿದ ಸಾಧನ ಹತ್ತಿರದ ವಸ್ತುವನ್ನು ಆರಿಸಿ 148ರಲ್ಲಿ ನಿಲ್ಲುತ್ತದೆ, ಕೆಲವು ಕೈಯಲ್ಲಿ ಗುಂಯ್ ಅಂತ ಅದುರಿ ತಿಳಿಸುತ್ತವೆ. ಬೇಟೆಗೆ ಅಂತ ಮಾಡಿದ ರೇಂಜ್‌ಫೈಂಡರುಗಳು ಎಷ್ಟೋ ಸಲ ಇದಕ್ಕೆ ತದ್ವಿರುದ್ಧ. ಹುಲ್ಲು, ಕೊಂಬೆ ಬಿಟ್ಟು ಹಿಂದಿನದನ್ನು ಹಿಡಿಯುತ್ತವೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವುದರಲ್ಲಿ ಇಂಥವೂ ಇರುತ್ತವೆ, ವಿವರ ಓದಿ ತಗೊಳ್ಳಿ. ಹಾರ್ಡ್‌ವೇರ್ ಅಂಗಡಿಯ ಲೇಸರ್ ಟೇಪ್ ಆಗುತ್ತಾ ಅಂತ ಒಬ್ಬರು ಕೇಳಿದ್ದರು. ಆಗಲ್ಲ. ಅದು ಕೋಣೆ ಅಳೆಯಲು, ಬಿಸಿಲಿನಲ್ಲಿ ಅದರ ಚುಕ್ಕಿಯೇ ಕಾಣುವುದಿಲ್ಲ.

ಯಾವ ಸಾಧನವಾದರೂ ಒಂದು ಅಭ್ಯಾಸ ಇಟ್ಟುಕೊಳ್ಳಿ. ಫ್ಲಾಗ್ ಅಳೆದ ಮೇಲೆ ಬೇಕಂತಲೇ ಹಿಂದಿನ ಮರಕ್ಕೂ ಒಮ್ಮೆ ಹಿಡಿಯಿರಿ. ಎರಡೂ ಸಂಖ್ಯೆ ಒಂದೇ ಬಂದರೆ ನೀವು ಮೊದಲು ಅಳೆದದ್ದೂ ಮರವೇ. ಹಿಡಿಯುವಾಗ ಎರಡೂ ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಬಿಟ್ಟು, ಫ್ಲಾಗಿನ ಒಂದು ಪಕ್ಕದಿಂದ ನಿಧಾನ ಅದರ ಮೇಲೆ ಹಾಯಿಸಿ.

ಎರಡನೆಯದು ನಿಮ್ಮ ಕನ್ನಡಕ. ಕಣ್ಣಿಗೂ ಲೆನ್ಸಿಗೂ ಇರಬೇಕಾದ ಅಂತರವನ್ನು ಐ ರಿಲೀಫ್ ಅನ್ನುತ್ತಾರೆ, ಡಬ್ಬಿಯ ವಿವರದಲ್ಲಿ ಮಿಲಿಮೀಟರಿನಲ್ಲಿ ಕೊಟ್ಟಿರುತ್ತಾರೆ. 15ಕ್ಕಿಂತ ಕಡಿಮೆ ಇದ್ದರೆ ಬಿಟ್ಟುಬಿಡಿ, ಕನ್ನಡಕ ಹಾಕಿಕೊಂಡು ನೋಡಿದರೆ ಅಂಚೆಲ್ಲ ಕಪ್ಪಾಗುತ್ತೆ. ಕಣ್ಣಿಡುವ ಕಡೆ ತಿರುಗಿಸಿ ಫೋಕಸ್ ಸರಿಮಾಡಿಕೊಳ್ಳುವ ರಿಂಗ್ ಇರಲೇಬೇಕು. 6 ಪಟ್ಟು ದೊಡ್ಡದು ಮಾಡಿ ತೋರಿಸಿದರೆ ಸಾಕು. ಅದಕ್ಕಿಂತ ಜಾಸ್ತಿ ಆದರೆ ಕೈನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತೆ. ಅಂಕಿ ಕಪ್ಪು ಬಣ್ಣದಲ್ಲಿ ಬರುತ್ತಾ, ಕೆಂಪಾ ಅಂತಲೂ ನೋಡಿ. ಬೆಳಿಗ್ಗೆ ಆರೂವರೆಗೆ ಕಡು ಹಸಿರು ಮರದ ಎದುರು ಕಪ್ಪು ಅಂಕಿ ಓದುವುದು ಕಷ್ಟ.

ಬ್ಯಾಟರಿ. ಹಲವು ಮಾಡೆಲ್‌ಗಳಿಗೆ ಸಿಆರ್2 ಅನ್ನುವ ದಪ್ಪನೆಯ ಸಣ್ಣ ಲಿಥಿಯಂ ಸೆಲ್ ಬೇಕು. ಅದು ಬೀದಿ ಕೊನೆಯ ಅಂಗಡಿಯಲ್ಲಿ ಸಿಗುವುದಲ್ಲ, ಕ್ಯಾಮೆರಾ ಅಂಗಡಿಯಲ್ಲಿ ಕೇಳಬೇಕು. ಒಂದು ಬ್ಯಾಗಿನಲ್ಲಿ ಸದಾ ಇರಲಿ. ಇಲ್ಲ, ಯುಎಸ್‌ಬಿ ಚಾರ್ಜ್ ಆಗುವುದನ್ನೇ ತಗೊಳ್ಳಿ.

ಬ್ರಾಂಡ್ ಹೆಸರು ಕೇಳಿದ್ದೀರಿ. ಲೇಸರಿನಲ್ಲಿ ಬುಶ್ನೆಲ್ ಮತ್ತು ನಿಕಾನ್ ಕೂಲ್‌ಶಾಟ್ ಹಳೆಯ ಹೆಸರುಗಳು, ವಾಚಿನಲ್ಲಿ ಗಾರ್ಮಿನ್ ಅಪ್ರೋಚ್. ನಿಮ್ಮ ದುಡ್ಡಿಗೆ ಇವುಗಳ ಮೇಲ್ದರ್ಜೆಯ ಮಾಡೆಲ್ ಬರುವುದಿಲ್ಲ, ಬೇಕಾಗಿಯೂ ಇಲ್ಲ. ‘1000 ಯಾರ್ಡ್ ಅಳೆಯುತ್ತೆ’ ಅನ್ನುವ ಜಾಹೀರಾತಿಗೆ ಬೆಲೆ ಕೊಡಬೇಡಿ. ಅದು ದೊಡ್ಡ ಹೊಳೆಯುವ ವಸ್ತುವಿನ ಲೆಕ್ಕ. ಫ್ಲಾಗ್ ಎಷ್ಟು ದೂರದವರೆಗೆ ಹಿಡಿಯುತ್ತೆ ಅಂತ ನೋಡಿ. 250 ಇದ್ದರೆ ಧಾರಾಳ. ಅಮೆರಿಕದಲ್ಲಿರುವ ಮಗನೋ ಭಾವಮೈದುನನೋ ತಂದುಕೊಡುತ್ತಾನೆ ಅಂದರೆ, ಅಲ್ಲಿನ ವಾರಂಟಿ ಇಲ್ಲಿ ನಡೆಯುತ್ತಾ ಅಂತ ಮೊದಲೇ ಕೇಳಿಕೊಳ್ಳಿ. ಬಿಡಿ ಲಿಥಿಯಂ ಸೆಲ್ ತರುವುದಾದರೆ ವಿಮಾನದಲ್ಲಿ ಕೈಚೀಲದಲ್ಲೇ ಇಡಬೇಕು.

ವಾಚ್ ಯಾರಿಗೆ ಸರಿ? ಕೈ ನಡುಗುವವರಿಗೆ. ಊರೂರು ತಿರುಗಿ ಹೊಸ ಕೋರ್ಸ್ ಆಡುವವರಿಗೆ. ಫ್ಲಾಗೇ ಕಾಣದ ತಿರುವಿನ ಹೋಲ್ ಜಾಸ್ತಿ ಇರುವ ಕಡೆ, ಲೇಸರ್ ಅಲ್ಲಿ ಕುರುಡು. ನಿಮಗೆ ಅಂಥ ಕಡೆ ಫೋನಿನ ಉಚಿತ ಆ್ಯಪ್ ಸಾಕು. ಮೈಸೂರಿನ ಕೋರ್ಸ್ ನಕ್ಷೆ ಅದರಲ್ಲಿದೆಯಾ, ಗ್ರೀನುಗಳನ್ನು ಸರಿಯಾಗಿ ಗುರುತು ಮಾಡಿದ್ದಾರಾ ಅಂತ ಒಮ್ಮೆ ನಡೆದು ನೋಡಿ.

ಮತ್ತೆ ನಿಮ್ಮ ಬ್ಯಾಗ್ ಹೊರುವ ಕ್ಯಾಡಿ ಇದ್ದಾನಲ್ಲ. ನೀವು ಲೇಸರ್ ತೆಗೆಯುವ ಮೊದಲೇ ‘ಸಾರ್, 140, ಆರು ಕೊಡ್ಲಾ?’ ಅನ್ನುತ್ತಾನೆ. ನಿಮ್ಮ ಡಬ್ಬಿ 137 ಅನ್ನುತ್ತೆ. ‘ನೀನು ಮೂರು ಯಾರ್ಡ್ ತಪ್ಪು ಹೇಳಿದೆ’ ಅಂತ ಅವನಿಗೆ ತೋರಿಸಲು ಹೋಗಬೇಡಿ. ಅವನು ಆ 140ರಲ್ಲಿ ಎದುರು ಗಾಳಿಯನ್ನೂ, ನಿಮ್ಮ ಹೊಡೆತಗಳಲ್ಲಿ ಮುಕ್ಕಾಲು ಪಾಲು ಗುರಿ ಮುಟ್ಟದೆ ಹಿಂದೆಯೇ ಬೀಳುತ್ತವೆ ಅನ್ನುವುದನ್ನೂ ಸೇರಿಸಿರುತ್ತಾನೆ. ಕ್ಯಾಡಿಯ ಸಲಹೆಗೆ ಯಾವ ನಿಯಮದ ಅಡ್ಡಿಯೂ ಇಲ್ಲ.

ಕೊನೆಗೆ, ಸಾಧನ ಬಂದ ದಿನವೇ ಪರೀಕ್ಷೆ ಮಾಡಿ. ಚಾಮುಂಡಿ ವಿಹಾರ್ ಕ್ರೀಡಾಂಗಣದಲ್ಲೋ, ಗೆರೆ ಸರಿಯಾಗಿ ಎಳೆದಿರುವ ಬೇರೆ ಯಾವುದಾದರೂ ಟ್ರ್ಯಾಕಿನಲ್ಲೋ 100 ಮೀಟರ್ ಓಟದ ಶುರುವಿನ ಗೆರೆಯಲ್ಲಿ ನಿಲ್ಲಿ. ಮನೆಯವರೊಬ್ಬರನ್ನು ಮುಗಿಯುವ ಗೆರೆಯಲ್ಲಿ ಬಿಳಿ ಟವೆಲ್ ಹಿಡಿದು ನಿಲ್ಲಿಸಿ. 109 ಯಾರ್ಡ್ ಬರಬೇಕು, ಒಂದು ಆಚೆ ಈಚೆ ಆದರೆ ಪರವಾಗಿಲ್ಲ. 100 ಬಂದರೆ ಸಾಧನ ಕೆಟ್ಟಿಲ್ಲ, ಮೀಟರಿನಲ್ಲಿದೆ, ಯಾರ್ಡಿಗೆ ಬದಲಿಸಿ. ಹತ್ತು ಸಲ ಒತ್ತಿದರೆ ಹತ್ತು ತರಹ ಹೇಳಿತು ಅಂದರೆ ವಾಪಸ್ ಕಳಿಸುವ ಗಡುವು ಮುಗಿಯುವ ಮೊದಲೇ ಡಬ್ಬಿ ಕಟ್ಟಿ ಕಳಿಸಿಬಿಡಿ.